ಫ್ಲ್ಯಾಟಿನ ಮೂಲೆಯಲ್ಲೇ ಒಂದು ಪುಟ್ಟ ಎಂಜಿನ್: ಮೊದಲ ಮಾಡೆಲ್ ಹೀಗೆ ಮಾಡಿ

ಮನೆಯಲ್ಲೇ ಎಂಜಿನ್ ಮಾಡೆಲ್ ಮಾಡಬೇಕು ಅಂತ ಆಸೆ ಹುಟ್ಟಿದವರು ಮೊದಲು ಹುಡುಕುವುದೇ ರೈಲು ಎಂಜಿನ್ನಿನ ಡ್ರಾಯಿಂಗ್. ಅದನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಅದು ವರ್ಷಗಟ್ಟಲೆ ಹಿಡಿಯುವ ಕೆಲಸ, ಅರ್ಧಕ್ಕೆ ನಿಂತುಹೋಗುವುದೇ ಜಾಸ್ತಿ. ಮೊದಲ ಕೆಲಸಕ್ಕೆ ವಾಬ್ಲರ್ ಮಾಡಿ, ಅಂದರೆ ಸಿಲಿಂಡರೇ ಅತ್ತಿತ್ತ ಓಲಾಡುವ ಎಂಜಿನ್. ಇದಕ್ಕೆ ಬೇರೆ ವಾಲ್ವ್ ಇಲ್ಲ. ಸಿಲಿಂಡರಿನ ಮುಖದಲ್ಲಿ ಒಂದು ತೂತು, ಅದು ಒರಗಿ ಕೂರುವ ಫ್ರೇಮಿನಲ್ಲಿ ಎರಡು. ಸಿಲಿಂಡರ್ ಒಂದು ಕಡೆ ವಾಲಿದಾಗ ಪೈಪಿನಿಂದ ಊದಿದ ಗಾಳಿ ಒಳಗೆ ಬರುತ್ತದೆ, ಇನ್ನೊಂದು ಕಡೆ ವಾಲಿದಾಗ ಹೊರಗೆ ಹೋಗುತ್ತದೆ. ಅಷ್ಟೇ.

ಆಟಿಕೆ ಅಂದುಕೊಳ್ಳಬೇಡಿ. 1858ರಲ್ಲಿ ನೀರಿಗಿಳಿದ ಗ್ರೇಟ್ ಈಸ್ಟರ್ನ್ ಹಡಗಿನ ಪ್ಯಾಡಲ್ (ಪಕ್ಕದ ಚಕ್ರ ತಿರುಗಿಸುವ) ಎಂಜಿನ್ನುಗಳ ಸಿಲಿಂಡರುಗಳೂ ಹೀಗೇ ಓಲಾಡುತ್ತಿದ್ದವು, ಅವುಗಳ ಬೋರ್, ಅಂದರೆ ಒಳತೂತಿನ ಅಗಲ, 74 ಇಂಚು. ಅದೇ ಹಡಗು 1870ರಲ್ಲಿ ನಮ್ಮ ಮುಂಬೈಗೆ ಬಂದು ಇಲ್ಲಿಂದ ಏಡನ್‌ವರೆಗೆ ಸಮುದ್ರದಡಿಯ ಟೆಲಿಗ್ರಾಫ್ ಕೇಬಲ್ ಹಾಸಿತು. ನಮ್ಮದರ ಬೋರ್ 10 ಮಿ.ಮೀ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಎಂಜಿನ್ ಓಡುವುದು, ಓಡದಿರುವುದು ಮೂರೇ ಜಾಗದಲ್ಲಿ ತೀರ್ಮಾನವಾಗುತ್ತದೆ: ಸಿಲಿಂಡರಿನ ಮುಖ ಮಟ್ಟವಾಗಿದೆಯಾ, ತೂತುಗಳು ಸರಿಯಾದ ಜಾಗದಲ್ಲಿವೆಯಾ, ಸಿಲಿಂಡರಿನೊಳಗೆ ಮೇಲೆ ಕೆಳಗೆ ಓಡುವ ಪಿಸ್ಟನ್ ಬೋರಿಗೆ ಸರಿಯಾಗಿ ಕೂರುತ್ತದೆಯಾ. ಉಳಿದ ಹೆಚ್ಚಿನ ಅಳತೆಗಳಲ್ಲಿ ಅರ್ಧ ಮಿಲಿಮೀಟರ್ ಅತ್ತಿತ್ತ ಆದರೂ ಏನೂ ಆಗುವುದಿಲ್ಲ. ಹೊಸಬರು ಎಲ್ಲ ಕಡೆ ಒಂದೇ ಸಮ ತಲೆ ಕೆಡಿಸಿಕೊಂಡು, ಫ್ಲೈವೀಲಿಗೆ (ಓಟವನ್ನು ಒಂದೇ ಸಮ ಇಡುವ ಭಾರದ ಚಕ್ರ) ಪಾಲಿಶ್ ಹೊಡೆಯುತ್ತಾ ವಾರ ಕಳೆದು, ಕೊನೆಗೆ ತೂತು ಕೊರೆಯುವಾಗ ಅವಸರ ಮಾಡುತ್ತಾರೆ. ಹಾಗೆ ಮಾಡಬೇಡಿ.

ಜಾಗ ಮತ್ತು ಮಷೀನು

ಮುಂಬೈ ಪಕ್ಕದ ಡೊಂಬಿವಲಿಯ ಒನ್ ಬಿಎಚ್‌ಕೆ ಆದರೂ ಸಾಕು. ಮಿನಿ ಲೇತ್ (ಲೋಹವನ್ನು ತಿರುಗಿಸಿ ಕಡೆಯುವ ಪುಟ್ಟ ಮಷೀನು) ಸುಮಾರು 40 ಕೆ.ಜಿ. ತೂಗುತ್ತದೆ, ಮನೆಯ ಸಾಮಾನ್ಯ ಸಿಂಗಲ್ ಫೇಸ್ ಕರೆಂಟಿನಲ್ಲೇ ನಡೆಯುತ್ತದೆ. ಗಟ್ಟಿ ಮೇಜು ಬೇಕು, ಅದರ ಕಾಲಿನಡಿ ದಪ್ಪ ರಬ್ಬರ್ ಪ್ಯಾಡ್ ಬೇಕು, ಇಲ್ಲದಿದ್ದರೆ ಕೆಳಗಿನ ಮನೆಯವರಿಗೆ ಸದ್ದು ಹೋಗುತ್ತದೆ. ಮಧ್ಯಾಹ್ನ ಊಟದ ನಂತರ ಒಂದೆರಡು ಗಂಟೆ ಮಷೀನ್ ಹಾಕಬೇಡಿ, ಸೊಸೈಟಿಯ ಹಿರಿಯರು ಮಲಗಿರುತ್ತಾರೆ. ಆ ಹೊತ್ತಿನಲ್ಲಿ ಗುರುತು ಹಾಕುವುದು, ಅರ ಹಿಡಿದು ಉಜ್ಜುವುದು ಮಾಡಿಕೊಳ್ಳಿ.

ಲೇತ್ ಇಲ್ಲದವರೂ ಬಿಡಬೇಕಿಲ್ಲ. ಮುಂಬೈಯಲ್ಲಿ ಕನ್ನಡದವರು ಅಂದರೆ ಹೋಟೆಲಿನವರು ಅಂತ ಜನ ಅಂದುಕೊಳ್ಳುತ್ತಾರೆ, ಆದರೆ ರೈಲ್ವೆ ವರ್ಕ್‌ಶಾಪುಗಳಲ್ಲಿ, ಡಾಕ್‌ಗಳಲ್ಲಿ ಟರ್ನರ್, ಫಿಟ್ಟರ್ ಆಗಿ ದುಡಿದು ರಿಟೈರ್ ಆದ ನಮ್ಮವರೂ ಇದ್ದಾರೆ. ನಿಮ್ಮ ಬಿಲ್ಡಿಂಗಿನಲ್ಲೋ ಸಂಘದಲ್ಲೋ ಅಂಥ ಹಿರಿಯರೊಬ್ಬರು ಸಿಕ್ಕರೆ ಡ್ರಾಯಿಂಗ್ ತೋರಿಸಿ ಕೂರಿಸಿಕೊಳ್ಳಿ. ಟೂಲ್ ಹೇಗೆ ಹರಿತ ಮಾಡುವುದು ಅನ್ನುವುದನ್ನು ಬರಹದಲ್ಲಿ ಓದುವುದಕ್ಕಿಂತ ಅವರ ಕೈ ನೋಡಿ ಕಲಿಯುವುದೇ ಸುಲಭ.

ಸುರಕ್ಷತೆ ವಿಷಯದಲ್ಲಿ ರಾಜಿ ಇಲ್ಲ. ಕಣ್ಣಿಗೆ ಗಾಗಲ್. ಕೈಗೆ ಗ್ಲೋವ್ಸ್ ಬೇಡವೇ ಬೇಡ, ತಿರುಗುವ ಚಕ್ (ಲೇತಿನಲ್ಲಿ ಲೋಹವನ್ನು ಹಿಡಿಯುವ ಭಾಗ) ಅದನ್ನು ಕೈಸಮೇತ ಎಳೆದುಕೊಳ್ಳುತ್ತದೆ. ಉಂಗುರ, ಕೊರಳ ಸರ, ದೇವಸ್ಥಾನದಲ್ಲಿ ಕಟ್ಟಿಸಿಕೊಂಡ ಕೈದಾರ ಇವೂ ಅಷ್ಟೇ ಅಪಾಯ. ದಾರ ಬಿಚ್ಚಲು ಮನಸ್ಸಿಲ್ಲದಿದ್ದರೆ ಲೇತ್ ಹತ್ತಿರ ಹೋಗಬೇಡಿ. ಚಕ್ ಕೀಯನ್ನು ಚಕ್ಕಿನಲ್ಲಿ ಬಿಟ್ಟು ಕೈ ತೆಗೆಯಬಾರದು. ಲೋಹದ ಚೂರುಗಳನ್ನು ಬ್ರಷ್ಷಿನಲ್ಲೇ ತೆಗೆಯಿರಿ. ಮನೆಯಲ್ಲಿ ಎಲ್ಲರೂ ಬರಿಗಾಲಲ್ಲಿ ಓಡಾಡುತ್ತಾರೆ ಅಲ್ವಾ, ಹಾಗಾಗಿ ಮೂಲೆಗೊಂದು ಬೇರೆ ಚಪ್ಪಲಿ ಇಟ್ಟುಕೊಂಡು ಅದನ್ನು ಅಲ್ಲೇ ಬಿಟ್ಟು ಬನ್ನಿ.

ಸಾಮಾನು

ಮಸ್ಜಿದ್ ಸ್ಟೇಷನ್ನಿನಲ್ಲಿ ಇಳಿದು ಪಶ್ಚಿಮಕ್ಕೆ ನಡೆದರೆ ನಾಗದೇವಿ ಸ್ಟ್ರೀಟ್. ಡ್ರಿಲ್, ಟ್ಯಾಪ್ (ತೂತಿನೊಳಗೆ ಸ್ಕ್ರೂ ಮರೆ ಕೊರೆಯುವುದು), ರೀಮರ್ (ತೂತನ್ನು ನಯವಾಗಿ ಸರಿ ಅಳತೆಗೆ ತರುವುದು), ಟೂಲ್ ಬಿಟ್ (ಲೇತಿನ ಕತ್ತರಿಸುವ ಅಲಗು) ಎಲ್ಲ ಅಲ್ಲಿ. ಹಿತ್ತಾಳೆ, ಅಲ್ಯೂಮಿನಿಯಂಗೆ ಕೀಕಾ ಸ್ಟ್ರೀಟ್, ಗುಲಾಲವಾಡಿ ಕಡೆ ಹೋಗಿ. ಪೂರ್ತಿ ರಾಡ್ ಬೇಡ, ಕಟ್‌ಪೀಸ್ ಕೇಳಿ. ತೆಗೆದುಕೊಳ್ಳಬೇಕಾದ್ದು: ಸಿಲಿಂಡರಿಗೆ 20 ಮಿ.ಮೀ. ಚೌಕದ ಹಿತ್ತಾಳೆ ಬಾರ್, ಫ್ರೇಮಿಗೆ 10 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಪಟ್ಟಿ (50ಕ್ಕೆ 100), ಫ್ಲೈವೀಲಿಗೆ 60 ಮಿ.ಮೀ. ದುಂಡು ಎಂಎಸ್ (ಮೈಲ್ಡ್ ಸ್ಟೀಲ್, ಸಾಮಾನ್ಯ ಮೆತ್ತನೆ ಉಕ್ಕು), 3 ಮತ್ತು 6 ಮಿ.ಮೀ. ಸಿಲ್ವರ್ ಸ್ಟೀಲ್ (ನಯವಾದ ಗಟ್ಟಿ ಉಕ್ಕಿನ ಸರಳು), ಕ್ರ್ಯಾಂಕ್ ಡಿಸ್ಕಿಗೂ (ಶಾಫ್ಟಿನ ತುದಿಯ ತಟ್ಟೆ) ಪಿಸ್ಟನ್ನಿಗೂ ಬುಶ್ಶಿಗೂ (ಶಾಫ್ಟ್ ತಿರುಗುವ ಕೊಳವೆ) ಒಂದಷ್ಟು ದುಂಡು ಹಿತ್ತಾಳೆ. 10 ಮಿ.ಮೀ. ರೀಮರ್ ಒಳ್ಳೆಯದೇ ಕೊಳ್ಳಿ, ಇಲ್ಲಿ ಉಳಿತಾಯ ಬೇಡ.

ಜಿಗ್ ಮೊದಲು, ಎಂಜಿನ್ ಆಮೇಲೆ

ಜಿಗ್ ಅಂದರೆ ತೂತು ಎಲ್ಲಿ ಬರಬೇಕು ಅಂತ ತೋರಿಸುವ ಅಚ್ಚು, ಇಡೀ ಕೆಲಸದ ಜೀವ ಇಲ್ಲಿದೆ. 5 ಮಿ.ಮೀ. ದಪ್ಪದ ಒಂದು ಎಂಎಸ್ ಪಟ್ಟಿಯಲ್ಲಿ ಸರಿಯಾಗಿ 15 ಮಿ.ಮೀ. ಅಂತರದಲ್ಲಿ 2.5 ಮಿ.ಮೀ.ನ ಎರಡು ತೂತು ಕೊರೆಯಿರಿ. ಒಂದು ಪಿವಟ್‌ಗೆ (ಸಿಲಿಂಡರ್ ಓಲಾಡುವ ಪಿನ್ನು), ಇನ್ನೊಂದು ಪೋರ್ಟಿಗೆ, ಅಂದರೆ ಗಾಳಿ ಹೋಗಿಬರುವ ತೂತಿಗೆ. ಸಿಲಿಂಡರನ್ನೂ ಫ್ರೇಮನ್ನೂ ಇದೇ ಪಟ್ಟಿ ಇಟ್ಟು ಕೊರೆದರೆ ಎರಡರಲ್ಲೂ ಅಂತರ ಒಂದೇ ಬರುತ್ತದೆ, 15 ಬದಲು 15.1 ಆಗಿದ್ದರೂ ಚಿಂತೆಯಿಲ್ಲ.

ಫ್ರೇಮಿನ ನಡುವೆ ಮೇಲಿನಿಂದ ಕೆಳಗೆ ಒಂದು ಗೀಟು ಎಳೆಯಿರಿ. ಮೇಲಿನ ಅಂಚಿನಿಂದ 25 ಮಿ.ಮೀ. ಕೆಳಗೆ ಪಿವಟ್, ಅದರಿಂದ 40 ಮಿ.ಮೀ. ಕೆಳಗೆ ಕ್ರ್ಯಾಂಕ್ ಶಾಫ್ಟ್ (ಫ್ಲೈವೀಲ್ ಕೂರುವ ಅಚ್ಚುಕೋಲು). ಕ್ರ್ಯಾಂಕ್ ಪಿನ್ (ಪಿಸ್ಟನ್ನಿನ ರಾಡ್ ಬಂದು ಸೇರುವ, ಡಿಸ್ಕಿನ ಮೇಲಿನ ಪಿನ್ನು) ಶಾಫ್ಟಿನ ನಡುವಿನಿಂದ 8 ಮಿ.ಮೀ. ದೂರ ಇರುತ್ತದೆ, ಹಾಗಾಗಿ ಪಿಸ್ಟನ್ನಿನ ಓಟ 16 ಮಿ.ಮೀ. 40ರಲ್ಲಿ 8 ಅಂದರೆ ಐದರಲ್ಲೊಂದು ಭಾಗ, ಅದೇ ಲೆಕ್ಕದಲ್ಲಿ ಪಿವಟ್ಟಿನಿಂದ 15 ಮಿ.ಮೀ. ಮೇಲಿರುವ ಪೋರ್ಟು ನಡುಗೀಟಿನಿಂದ 3 ಮಿ.ಮೀ. ಅತ್ತ, 3 ಮಿ.ಮೀ. ಇತ್ತ ಸರಿಯುತ್ತದೆ. ಫ್ರೇಮಿನ ಎರಡು ಪೋರ್ಟುಗಳು ಇರಬೇಕಾದ್ದು ಅಲ್ಲಿಯೇ. ಪೋರ್ಟಿನ ಅಗಲ 2.5 ಮಿ.ಮೀ. ಆದ್ದರಿಂದ ಸಿಲಿಂಡರ್ ನೇರ ನಿಂತಾಗ ಎರಡೂ ಕಡೆ ಅರ್ಧ ಮಿಲಿಮೀಟರಿನಷ್ಟು ಮುಚ್ಚಿಕೊಳ್ಳುತ್ತದೆ. 3 ಮಿ.ಮೀ. ಡ್ರಿಲ್ ಹಾಕಿದರೆ ಆ ಅಂಚೇ ಉಳಿಯುವುದಿಲ್ಲ, ಬಂದ ಗಾಳಿ ಸುಮ್ನೆ ಸೋರಿಹೋಗುತ್ತದೆ.

ಜಿಗ್ಗಿನ ಒಂದು ತೂತಿಗೆ 2.5ರ ಪಿನ್ ತೂರಿಸಿ ಪಿವಟ್ ತೂತಿನಲ್ಲಿ ಕೂರಿಸಿ. ಇನ್ನೊಂದು ತೂತು ನಡುಗೀಟಿನಿಂದ 3 ಮಿ.ಮೀ. ದೂರಕ್ಕೆ ಎಳೆದ ಗೀಟಿನ ಮೇಲೆ ಬರುವ ತನಕ ಓಲಿಸಿ, ಕ್ಲ್ಯಾಂಪ್ ಬಿಗಿದು ಕೊರೆಯಿರಿ. ಆಮೇಲೆ ಇನ್ನೊಂದು ಕಡೆ. ಹೊರಹೋಗುವ ಪೋರ್ಟು ಫ್ರೇಮಿನ ಆಚೆಗೆ ತೂರಿಹೋಗಲಿ. ಒಳಬರುವುದನ್ನು 6 ಮಿ.ಮೀ. ಆಳಕ್ಕೆ ನಿಲ್ಲಿಸಿ, ಫ್ರೇಮಿನ ಪಕ್ಕದ ಅಂಚಿನಿಂದ 4.2 ಡ್ರಿಲ್ ಹಾಕಿ ಅದಕ್ಕೆ ಸೇರಿಸಿ, 23 ಮಿ.ಮೀ. ಮೀರಬೇಡಿ. ಬಾಯಿಗೆ ಎಂ5 (5 ಮಿ.ಮೀ. ಸ್ಕ್ರೂವಿನ) ಟ್ಯಾಪ್, ಅಲ್ಲಿ ಪೈಪು ಸಿಕ್ಕಿಸುವ ನಿಪ್ಪಲ್ ಬರುತ್ತದೆ. ಅಲ್ಯೂಮಿನಿಯಂಗೆ ಸ್ವಲ್ಪ ಸೀಮೆಎಣ್ಣೆ ಹಚ್ಚಿದರೆ ಟೂಲಿಗೆ ಮೆತ್ತಿಕೊಳ್ಳುವುದಿಲ್ಲ. ಕೊನೆಗೆ ಪಿವಟ್ ತೂತನ್ನು 3 ಮಿ.ಮೀ.ಗೆ ಹಿಗ್ಗಿಸಿ, ಶಾಫ್ಟಿನ ತೂತಿಗೆ ಹಿತ್ತಾಳೆ ಬುಶ್ ಒತ್ತಿ 6 ಮಿ.ಮೀ. ರೀಮ್ ಮಾಡಿ.

ಸಿಲಿಂಡರ್

ಚೌಕ ಬಾರನ್ನು 40 ಮಿ.ಮೀ. ಉದ್ದಕ್ಕೆ ಕತ್ತರಿಸಿ. ಒಂದು ಮುಖದ ನಡುಮಧ್ಯೆ ಪಿವಟ್‌ಗೆ 2.5 ತೂತು, 4 ಮಿ.ಮೀ. ಆಳ ಅಷ್ಟೇ, ಅದಕ್ಕೆ ಎಂ3 ಟ್ಯಾಪ್. ಜಾಸ್ತಿ ಆಳ ಹೋದರೆ ಬೋರಿಗೆ ತೂರಿಕೊಳ್ಳುತ್ತದೆ. ಆಮೇಲೆ ಫೋರ್ ಜಾ (ನಾಲ್ಕು ಹಿಡಿಗಳ) ಚಕ್ಕಿನಲ್ಲಿ ಹಿಡಿದು, ಡಯಲ್ ಗೇಜಿನಿಂದ (ಸಣ್ಣ ಓಲಾಟವನ್ನೂ ಮುಳ್ಳಿನಲ್ಲಿ ತೋರಿಸುವ ಮಾಪಕ) ಸೆಂಟರ್ ಮಾಡಿ, 9.8 ಡ್ರಿಲ್‌ನಲ್ಲಿ ಆರಪಾರ ಕೊರೆದು ರೀಮರ್ ಹಾಕಿ. ಹಿತ್ತಾಳೆಯಲ್ಲಿ ಹೊಸ ಡ್ರಿಲ್ ತಟ್ಟನೆ ಕಚ್ಚಿಕೊಂಡು ಒಳಗೆ ಎಳೆದುಕೊಳ್ಳುತ್ತದೆ. ಅದಕ್ಕೆ ಡ್ರಿಲ್ಲಿನ ತುದಿಯ ಎರಡೂ ಹರಿತ ಅಂಚನ್ನು ಎಣ್ಣೆಕಲ್ಲಿನಿಂದ ಒಂದೆರಡು ಸಲ ಉಜ್ಜಿ ಸ್ವಲ್ಪ ಮೊಂಡು ಮಾಡಿಕೊಳ್ಳಿ. ರೀಮರ್ ನಿಧಾನಕ್ಕೆ ಹೋಗಲಿ, ಹಿಂದೆ ಎಳೆಯುವಾಗಲೂ ಉಲ್ಟಾ ತಿರುಗಿಸಬೇಡಿ.

ಈಗ ಜಿಗ್ ಇಟ್ಟು ಪಿವಟ್ಟಿನ ಮೇಲೆ 15 ಮಿ.ಮೀ.ಗೆ ಪೋರ್ಟನ್ನು ಬೋರಿನ ತನಕ ಕೊರೆಯಿರಿ. ಮೇಲಿನ ಬಾಯಿಗೆ 3.5 ಮಿ.ಮೀ. ದಪ್ಪದ ಹಿತ್ತಾಳೆ ಬಿರಡೆ ಮಾಡಿ ಲಾಕ್‌ಟೈಟ್ (ಲೋಹ ಹಿಡಿಯುವ ಅಂಟು) ಹಾಕಿ ಕೂರಿಸಿ. ಇದಕ್ಕಿಂತ ದಪ್ಪವಾದರೆ ಬಿರಡೆಯೇ ಪೋರ್ಟನ್ನು ಮುಚ್ಚುತ್ತದೆ.

ಮುಖವನ್ನು ಮಟ್ಟ ಮಾಡುವುದು ಕೈಕೆಲಸ. ದಪ್ಪ ಗಾಜಿನ ಮೇಲೆ 600ರ ವಾಟರ್ ಪೇಪರ್ ಹಾಸಿ, ಎಣ್ಣೆ ಹಾಕಿ, ಎಂಟರ ಆಕಾರದಲ್ಲಿ ತಿಕ್ಕಿ. ಮುಖದ ಮೇಲೆ ಮೊದಲು ಮಾರ್ಕರ್ ಪೆನ್ನಿನ ಬಣ್ಣ ಬಳಿದಿರಿ, ಬಣ್ಣ ಎಲ್ಲ ಕಡೆ ಒಂದೇ ಸಮ ಹೋದರೆ ಮಟ್ಟ ಬಂದ ಹಾಗೆ. ಆಮೇಲೆ 1000ರ ಪೇಪರ್. ಫ್ರೇಮಿನ ಮುಖಕ್ಕೂ ಇದೇ ಉಪಚಾರ. ಬೇಜಾರಿನ ಕೆಲಸ, ನಿಜ, ಆದರೆ ಇಲ್ಲಿ ಹಾಕಿದ ಪ್ರತಿ ನಿಮಿಷವೂ ಎಂಜಿನ್ ಓಡುವಾಗ ಕಾಣುತ್ತದೆ.

ಪಿಸ್ಟನ್ ಮತ್ತು ಉಳಿದದ್ದು

ಪಿಸ್ಟನ್ 15 ಮಿ.ಮೀ. ಉದ್ದ. ಬೋರಿಗಿಂತ 0.02 ಮಿ.ಮೀ. ಸಣ್ಣದಿರಲಿ, ಎಣ್ಣೆ ನಿಲ್ಲಲು ಎರಡು ತೆಳು ಗೀರು ಹಾಕಿ. ಇಷ್ಟು ಸಣ್ಣ ಅಂತರಕ್ಕೆ ವರ್ನಿಯರಿನ (ಜಾರುವ ಅಳತೆಗೋಲು) ಅಳತೆಯನ್ನು ನಂಬಬೇಡಿ, ಸಿಲಿಂಡರನ್ನೇ ಗೇಜ್ ಮಾಡಿಕೊಳ್ಳಿ. ಪೋರ್ಟಿನ ಮೇಲೆ ಬೆರಳು ಒತ್ತಿ, ಎಣ್ಣೆ ಸವರಿದ ಪಿಸ್ಟನ್ ಒಳಗೆ ತಳ್ಳಿದಾಗ ಅದು ಹಿಂದಕ್ಕೆ ಚಿಮ್ಮಿದರೆ ಸರಿಯಾಗಿದೆ. ರಾಡ್ 3 ಮಿ.ಮೀ. ಸಿಲ್ವರ್ ಸ್ಟೀಲ್, ಅದರ ತುದಿಯ ಹಿತ್ತಾಳೆ ತುಂಡಿನಲ್ಲಿ ಕ್ರ್ಯಾಂಕ್ ಪಿನ್ನಿನ ತೂತು. ಆ ತೂತಿನ ನಡುವಿನಿಂದ ಪಿಸ್ಟನ್ ತಲೆಯವರೆಗೆ 45.5 ಮಿ.ಮೀ. ಇರಬೇಕು. ಹೀಗಿದ್ದರೆ ಪಿಸ್ಟನ್ ಮೇಲೆ ಬಂದಾಗ ಪೋರ್ಟಿನ ಸ್ವಲ್ಪ ಕೆಳಗೆ ನಿಲ್ಲುತ್ತದೆ.

ಕ್ರ್ಯಾಂಕ್ ಡಿಸ್ಕ್ 24 ಮಿ.ಮೀ. ಅಗಲ, 6 ದಪ್ಪ. ಫ್ಲೈವೀಲ್ ತಿರುವುವಾಗ ವೇಗ ಕಡಿಮೆ ಇರಲಿ. ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟೂಲಿಗೆ ಎಂಎಸ್ ಮೇಲೆ ನಿಮಿಷಕ್ಕೆ 25 ಮೀಟರ್ ಲೆಕ್ಕ ಹಿಡಿದು, ಅದನ್ನು 318ರಿಂದ ಗುಣಿಸಿ ವ್ಯಾಸದಿಂದ ಭಾಗಿಸಿ. 60 ಮಿ.ಮೀ.ಗೆ ಸುಮಾರು 130 ಆರ್‌ಪಿಎಂ ಬರುತ್ತದೆ. ಫ್ಲೈವೀಲಿನ ತೂತನ್ನೂ ಹೊರಸುತ್ತನ್ನೂ ಚಕ್ಕಿನಿಂದ ಬಿಚ್ಚದೆ ಒಂದೇ ಹಿಡಿತದಲ್ಲಿ ಮಾಡಿ, ಆಗ ಓಲಾಟ ಇರುವುದಿಲ್ಲ.

ಓಡಿಸುವುದು

ಪಿವಟ್ ಪಿನ್ನು ಫ್ರೇಮಿನ ಹಿಂದೆ ಬಂದಲ್ಲಿ ಬಾಲ್ ಪೆನ್ನಿನ ಸ್ಪ್ರಿಂಗ್, ವಾಷರ್, ನಟ್. ಸಿಲಿಂಡರ್ ಫ್ರೇಮಿಗೆ ಅಂಟಿ ಕೂರುವಷ್ಟೇ ಬಿಗಿ ಸಾಕು. ಎಲ್ಲ ಕಡೆ ತೆಳು ಮಷೀನ್ ಎಣ್ಣೆ ಬಿಟ್ಟು ಕೈಯಲ್ಲಿ ಫ್ಲೈವೀಲ್ ತಿರುಗಿಸಿ, ಎಲ್ಲಾದರೂ ಹಿಡಿದರೆ ಬಿಚ್ಚಿ ನೋಡಿ. ಹಗುರಾಗಿ ತಿರುಗಿದರೆ ಪೈಪಿಗೆ ಬಾಯಿಂದಲೇ ಊದಿ. ಚೆನ್ನಾಗಿ ಬಂದ ವಾಬ್ಲರ್ ಬಾಯಿ ಗಾಳಿಗೂ ಓಡುತ್ತದೆ, ಆ ಖುಷಿ ಬೇರೆಯೇ. ಇಲ್ಲದಿದ್ದರೆ ಸಣ್ಣ ಕಂಪ್ರೆಸರಿನಿಂದ 15 ಪಿಎಸ್‌ಐ (ಚದರ ಇಂಚಿಗೆ 15 ಪೌಂಡ್) ಒತ್ತಡ ಕೊಡಿ. ಎರಡು ಮುಖಗಳ ನಡುವೆ ಎಣ್ಣೆ ಗುಳ್ಳೆ ಎದ್ದರೆ ಅಲ್ಲಿ ಸೋರುತ್ತಿದೆ ಅಂತ ಅರ್ಥ. ಸ್ಪ್ರಿಂಗ್ ಬಿಗಿ ಮಾಡಲು ಹೋಗಬೇಡಿ, ಮತ್ತೆ ಗಾಜಿನ ಮೇಲೆ ತಿಕ್ಕಿ. ಮೊದಲ ಅರ್ಧ ಗಂಟೆ ಎಣ್ಣೆ ಕಪ್ಪಗೆ ಬರುತ್ತದೆ. ಒರೆಸಿ ಹೊಸದು ಹಾಕುತ್ತಿರಿ.

ಹಬೆಯ ಆಸೆ ಎಲ್ಲರಿಗೂ ಬರುತ್ತದೆ. ಆದರೆ ಕುಕ್ಕರ್, ಡಬ್ಬ ಯಾವುದನ್ನೂ ಬಾಯ್ಲರ್ ಮಾಡಲು ಹೋಗಬೇಡಿ. ಬೆಳ್ಳಿ ಬೆಸುಗೆಯ ತಾಮ್ರದ ಬಾಯ್ಲರ್, ಸೇಫ್ಟಿ ವಾಲ್ವ್, ಕೆಲಸದ ಒತ್ತಡದ ಎರಡರಷ್ಟಕ್ಕೆ ತಣ್ಣೀರಿನ ಪರೀಕ್ಷೆ, ಇಷ್ಟೂ ತಿಳಿದವರ ಕಣ್ಣೆದುರು ಆಗುವ ತನಕ ಗಾಳಿಯಲ್ಲೇ ಓಡಿಸಿ. ಇನ್ನು ಜೂನ್ ಬರುವ ಮೊದಲೇ ಲೇತಿನ ಬೆಡ್, ಚಕ್, ಫ್ಲೈವೀಲ್ ಎಲ್ಲಕ್ಕೂ ಎಣ್ಣೆ ಸವರಿ ಹತ್ತಿ ಬಟ್ಟೆ ಹೊದಿಸಿ. ಪ್ಲಾಸ್ಟಿಕ್ ಹೊದಿಸಿದರೆ ಒಳಗೆ ತೇವ ಕಟ್ಟಿಕೊಂಡು ಮುಂಬೈ ಮಳೆಗೆ ಒಂದೇ ವಾರದಲ್ಲಿ ತುಕ್ಕು ಕಾಣಿಸುತ್ತದೆ.