ಮೀನಿನ ಪಿಕಪ್‌ಗೆ ಹೈ ಐಡಲ್: ನನ್ನ ಅನುಭವ

ಗಾಡಿ ನಿಂತಿರುವಾಗ ಎಂಜಿನ್ನನ್ನು ಮಾಮೂಲಿಗಿಂತ ಸ್ವಲ್ಪ ಹೆಚ್ಚು ವೇಗದಲ್ಲಿ ತಿರುಗಿಸಿಡುವುದಕ್ಕೆ ಹೈ ಐಡಲ್ ಎನ್ನುತ್ತಾರೆ. ನನ್ನದು 2019ರ ಪಿಕಪ್. ಹೊಗೆಯ ನಿಯಮದ ಪ್ರಕಾರ ಬಿಎಸ್ 4, ಎರಡೂವರೆ ಲೀಟರಿನ ಕಾಮನ್ ರೈಲ್ ಡೀಸೆಲ್ ಎಂಜಿನ್, ಹಿಂದೆ ಫ್ರಿಜ್ ಬಾಡಿ. ಹುಟ್ಟೂರು ಅಂಕೋಲೆಯಾದರೂ ಸಂಸಾರ, ವ್ಯಾಪಾರ ಎಲ್ಲ ಮಡಗಾಂವಿನಲ್ಲಿ. ವಾರಕ್ಕೆ ಐದು ದಿನ ನಸುಕಿನಲ್ಲಿ ಕಾರವಾರದ ಬೈತಖೋಲ ಬಂದರಿನಿಂದ ಇಸ್ವಾಣ, ಸಿಗಡಿ, ಬಂಗಡೆ ಹೇರಿಕೊಂಡು ಪೋಳೆ ಗಡಿ ದಾಟಿ, ಕಾಣಕೋಣ, ಕರಮಲ್ ಘಾಟಿ ಮೇಲೆ ಮಡಗಾಂವಿನ ಸಗಟು ಮೀನು ಮಾರುಕಟ್ಟೆಗೆ ಬರುತ್ತೇನೆ. ಅಲ್ಲಿಂದ ಹೋಟೆಲುಗಳಿಗೆ ಹಂಚಾಣಿಕೆ.

ಮೀನು ಕೆಡದಿರಲು ಫಾರ್ಮಲಿನ್ ಎಂಬ ರಾಸಾಯನಿಕ ಹಾಕುತ್ತಾರೆ ಎಂದು 2018ರಲ್ಲಿ ಗಲಾಟೆ ಆದಮೇಲೆ, ಹೊರರಾಜ್ಯದ ಮೀನು ತಂಪು ಹಿಡಿದಿಡುವ ಇನ್ಸುಲೇಟೆಡ್ ಗಾಡಿಯಲ್ಲೇ ಬರಬೇಕು ಎಂದು ಗೋವಾ ಸರ್ಕಾರ ನಿಯಮ ಮಾಡಿತು. ನಮ್ಮ ಕಡೆಯ ಸುಮಾರು ಜನ ಥರ್ಮೋಕೋಲ್ ಪೆಟ್ಟಿಗೆ ಬಿಟ್ಟು ಬಾಡಿ ಕಟ್ಟಿಸಿದ್ದು ಆವಾಗಲೇ. ನಾನು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಫ್ರಿಜ್ ಯೂನಿಟ್ಟನ್ನೂ ಕೂರಿಸಿದೆ.

ತೊಂದರೆ ಶುರುವಾದದ್ದು ಗಾಡಿ ನಿಂತಾಗ. ಚಿಕ್ಕ ಗಾಡಿಯ ಫ್ರಿಜ್ ಯೂನಿಟ್ಟಿಗೆ ಬೇರೆ ಎಂಜಿನ್ ಇರುವುದಿಲ್ಲ. ಕಾರಿನ ಎಸಿ ಹಾಗೆ, ಕಂಪ್ರೆಸರ್ ತಿರುಗುವುದು ಗಾಡಿಯ ಎಂಜಿನ್ ಬೆಲ್ಟಿನಿಂದಲೇ. ರಸ್ತೆಯಲ್ಲಿ ಎಂಜಿನ್ ನಿಮಿಷಕ್ಕೆ ಎರಡು ಸಾವಿರ ಸುತ್ತು, ಅಂದರೆ ಎರಡು ಸಾವಿರ ಆರ್‌ಪಿಎಂ ಇದ್ದಾಗ ಪೆಟ್ಟಿಗೆಯೊಳಗೆ ಕೈ ಇಟ್ಟರೆ ಮರಗಟ್ಟುತ್ತದೆ. ಅದೇ ಗಾಡಿ ಮಾರುಕಟ್ಟೆಯಲ್ಲಿ 780ರ ಐಡಲಿನಲ್ಲಿ, ಅಂದರೆ ಪೆಡಲ್ ಮುಟ್ಟದಿರುವಾಗಿನ ವೇಗದಲ್ಲಿ, ನಿಂತರೆ ಕಂಪ್ರೆಸರ್ ತಿರುಗಿದ ಹಾಗೆ ಮಾಡುತ್ತದೆ, ತಂಪು ಹುಟ್ಟುವುದಿಲ್ಲ. ಮೇಲಿಂದ ಫ್ರಿಜ್ಜಿನ ಫ್ಯಾನುಗಳು, ಕಂಪ್ರೆಸರಿನ ಕ್ಲಚ್, ಹೆಡ್‌ಲೈಟ್ ಎಲ್ಲ ಸೇರಿ ಬ್ಯಾಟರಿಯನ್ನು ಹೀರುತ್ತವೆ. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಸಹ ಐಡಲಿನಲ್ಲಿ ತನ್ನ ಪೂರ್ತಿ ಕರೆಂಟು ಕೊಡುವುದಿಲ್ಲ. ಬಾಗಿಲು ತೆಗೆದು ಹಾಕಿ ಮಾಡುತ್ತಾ ನಲವತ್ತು ನಿಮಿಷ ಕಳೆದರೆ 2 ಡಿಗ್ರಿ ಇದ್ದದ್ದು 7ಕ್ಕೆ ಏರುತ್ತಿತ್ತು. ಸಿಗಡಿಗೆ 7 ಡಿಗ್ರಿ ಎಂದರೆ ತಲೆ ಕಪ್ಪಾಗಲು ದಾರಿ. ತಲೆ ಕಪ್ಪಾದ ಸಿಗಡಿಯನ್ನು ಹೋಟೆಲಿನವರು ಮುಟ್ಟುವುದೂ ಇಲ್ಲ.

ಎಲ್ಲ ಡ್ರೈವರುಗಳೂ ಮಾಡುವುದನ್ನೇ ನಾನೂ ಮಾಡಿದೆ. ಆಕ್ಸಿಲೇಟರ್ ಪೆಡಲಿಗೂ ಸೀಟಿಗೂ ನಡುವೆ ಒಂದು ಮರದ ತುಂಡು. ಸುಮಾರು 1200ಕ್ಕೆ ನಿಲ್ಲುವ ಹಾಗೆ ಕೂರಿಸಿ ಇಳಿದು ಹೋಗುವುದು. ಆರು ತಿಂಗಳು ಹೀಗೇ ನಡೆಯಿತು. ಒಂದು ದಿನ ಆ ತುಂಡನ್ನು ತೆಗೆದು ಪಕ್ಕಕ್ಕೆ ಇಡುವುದು ಮರೆತೆ. ಕರಮಲ್ ಘಾಟಿಯ ಇಳಿಜಾರಿನಲ್ಲಿ ಅದು ಉರುಳಿ ಬ್ರೇಕ್ ಪೆಡಲಿನ ಕೆಳಗೆ ಹೋಯಿತು. ಬ್ರೇಕ್ ಅರ್ಧಕ್ಕೇ ನಿಂತಿತು. ಗೇರು ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಬಲಗಾಲಿನ ಹಿಮ್ಮಡಿಯಿಂದ ಆ ತುಂಡನ್ನು ಒದ್ದು ತೆಗೆಯುವಷ್ಟರಲ್ಲಿ ಎದುರಿನ ತಿರುವು ಬಂದೇಬಿಟ್ಟಿತ್ತು. ಏನೂ ಆಗಲಿಲ್ಲ. ಆದರೆ ಆವತ್ತೇ ಆ ತುಂಡನ್ನು ಕಾಡಿಗೆ ಎಸೆದೆ. ನೀವೂ ಇಟ್ಟುಕೊಂಡಿದ್ದರೆ ದಯವಿಟ್ಟು ಇವತ್ತೇ ಎಸೆಯಿರಿ.

ಆಮೇಲೆ ಮಾಡಿದ್ದು ಇನ್ನೊಂದು ತಪ್ಪು. ಇಂಥ ಗಾಡಿಯಲ್ಲಿ ಪೆಡಲಿಗೆ ಕೇಬಲ್ ಇರುವುದಿಲ್ಲ, ಸೆನ್ಸರ್ ಇರುತ್ತದೆ. ಅದರ ವೈರಿಗೆ ಒಂದು ರೆಸಿಸ್ಟರ್ ಹಾಕಿದರೆ ಆರ್‌ಪಿಎಂ ಏರುತ್ತದೆ ಎಂದು ಒಬ್ಬರು ಹೇಳಿದರು, ಹಾಕಿಯೂ ಕೊಟ್ಟರು. ಎರಡನೇ ದಿನವೇ ಚೆಕ್ ಎಂಜಿನ್ ದೀಪ ಹತ್ತಿ, ಪೆಡಲ್ ಎಷ್ಟು ಒತ್ತಿದರೂ ಗಾಡಿ ಎತ್ತಿನಗಾಡಿಯ ಹಾಗೆ ತೆವಳತೊಡಗಿತು. ಸ್ಕ್ಯಾನರ್ ಹಾಕಿದರೆ ಪಿ2138 ಎಂಬ ಕೋಡ್. ಪೆಡಲಿನಲ್ಲಿ ಒಂದಲ್ಲ, ಎರಡು ಸೆನ್ಸರ್ ಇರುತ್ತವೆ. ನನ್ನ ಗಾಡಿಯಲ್ಲಿ ಒಂದರ ವೋಲ್ಟೇಜ್ ಇನ್ನೊಂದರ ಅರ್ಧ ಇರಬೇಕು. ಈ ಲೆಕ್ಕ ತಪ್ಪಿದರೆ ಪೆಡಲ್ ಸುಳ್ಳು ಹೇಳುತ್ತಿದೆ ಎಂದು ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ತಿಳಿದುಕೊಂಡು ಎಂಜಿನ್ನಿನ ಶಕ್ತಿಯನ್ನೇ ಕಟ್ಟಿಹಾಕುತ್ತದೆ. ಅದು ಮಾಡುವುದು ಸರಿಯಾದದ್ದೇ. ತಪ್ಪು ನಮ್ಮದು.

ಈ ಹೊತ್ತಿಗೆ ನನಗೆ ಸಿಕ್ಕಿದ್ದು ಗದಗಿನ ಕಡೆಯ ಒಬ್ಬ ಹುಡುಗ. ಇಲ್ಲೇ ವೆರ್ಣಾದಲ್ಲಿ ಗಾಡಿ ವೈರಿಂಗ್ ಕೆಲಸ ಮಾಡುತ್ತಾನೆ. ರೆಸಿಸ್ಟರ್ ಕಿತ್ತು ಕೈಯಲ್ಲಿ ಹಿಡಿದು ನೋಡಿ, ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: "ಅಣ್ಣಾರ, ನೀವು ಎಂಜಿನ್ನಿಗೆ ಎಣ್ಣಿ ಕುಡಸಾಕ ಹತ್ತೀರಿ. ಇಷ್ಟ ತಿರುಗು, ಅದರಾಗ ನಿಲ್ಲು ಅಂತ ಹೇಳಾಕ ಹತ್ತಿಲ್ಲ. ಎರಡೂ ಬ್ಯಾರೆ ಬ್ಯಾರೆ."

"ಅದ್ಹೇಗೆ ಬೇರೆ ಆಗ್ತದೆ ತಮ್ಮಾ?"

"ನಿಮ್ಮೂರಾಗ ಟ್ರ್ಯಾಕ್ಟರ್ ನೋಡೀರಿಲ್ರೀ?"

ನೋಡಿದ್ದೆ. ಟ್ರ್ಯಾಕ್ಟರಿಗೆ ಬತ್ತ ಒಕ್ಕುವ ಮಷಿನ್ ಕಟ್ಟಿ, ಕೈ ಆಕ್ಸಿಲೇಟರ್ ಎಳೆದಿಟ್ಟರೆ ಹೊರೆ ಬಿದ್ದರೂ ತೆಗೆದರೂ ಎಂಜಿನ್ ಹೆಚ್ಚುಕಡಿಮೆ ಅದೇ ವೇಗದಲ್ಲಿ ಓಡುತ್ತದೆ. ಅದರ ಡೀಸೆಲ್ ಪಂಪಿನಲ್ಲಿ ವೇಗ ಹಿಡಿದಿಡುವ ಗವರ್ನರ್ ಎಲ್ಲ ವೇಗದಲ್ಲೂ ಕೆಲಸ ಮಾಡುತ್ತದೆ. ಕೈ ಆಕ್ಸಿಲೇಟರ್ ಎಂದರೆ ಅಲ್ಲಿ ವೇಗದ ಗುರುತು. ಪಿಕಪ್ಪಿನ ಪೆಡಲ್ ಹಾಗಲ್ಲ. ಅದು ಎಂಜಿನ್ನಿನಿಂದ ಎಷ್ಟು ಬಲ ಬೇಕು ಎಂದು ಕೇಳುತ್ತದೆ. ನನ್ನ ಮರದ ತುಂಡು ಇಟ್ಟಾಗ ಕಂಪ್ರೆಸರ್ ನಡೆಯುತ್ತಿದ್ದರೆ 1200. ಪೆಟ್ಟಿಗೆ ತಣ್ಣಗಾಗಿ ಕಂಪ್ರೆಸರಿನ ಕ್ಲಚ್ ಟಕ್ ಎಂದು ಬಿಟ್ಟ ಕೂಡಲೇ ಹೊರೆ ಇಳಿದು, ಅದೇ ಡೀಸೆಲಿಗೆ ಎಂಜಿನ್ 1800ಕ್ಕೆ ಜಿಗಿಯುತ್ತಿತ್ತು. ಮತ್ತೆ ಕ್ಲಚ್ ಕಚ್ಚಿದರೆ ಬೆಲ್ಟು ಕಿರುಚುತ್ತಿತ್ತು. ಆ ಶಬ್ದವನ್ನು ಆರು ತಿಂಗಳು ಕೇಳಿಯೂ ನನಗೆ ಅದರ ಅರ್ಥ ಹೊಳೆದಿರಲಿಲ್ಲ.

ಹೈ ಐಡಲ್ ಎಂದರೆ ಪೆಡಲ್ ಒತ್ತುವುದಲ್ಲ. ಐಡಲಿನಲ್ಲಿ 780 ಹಿಡಿದಿಡುವ ಕೆಲಸವನ್ನು ಇಸಿಯು ತಾನೇ ಮಾಡುತ್ತಿರುತ್ತದಲ್ಲ, ಅದಕ್ಕೆ "780 ಬೇಡ, 1150 ಹಿಡಿ" ಎನ್ನುವುದು. ಹೊರೆ ಬಂದರೆ ಡೀಸೆಲ್ ಹೆಚ್ಚು ಬಿಡುತ್ತದೆ, ಹೋದರೆ ಕಡಿಮೆ ಮಾಡುತ್ತದೆ, ವೇಗ ಅಲ್ಲಾಡುವುದಿಲ್ಲ. ಅಮೆರಿಕದ ರ‍್ಯಾಮ್, ಫೋರ್ಡ್ ಸೂಪರ್ ಡ್ಯೂಟಿಯಂಥ ದೊಡ್ಡ ಡೀಸೆಲ್ ಪಿಕಪ್ಪುಗಳಲ್ಲಿ ಇದು ಇಸಿಯುನಲ್ಲೇ ಇರುತ್ತದೆ, ಬೇಕಾದವರು ಚಾಲೂ ಮಾಡಿಸಿಕೊಳ್ಳುತ್ತಾರೆ. ಹಿಮ ಬೀಳುವ ಊರುಗಳಲ್ಲಿ ಬರೀ ಐಡಲಿನಲ್ಲಿ ಡೀಸೆಲ್ ಎಂಜಿನ್ ಬೇಗ ಬಿಸಿಯಾಗುವುದಿಲ್ಲ. ಅದನ್ನು ಬೆಚ್ಚಗೆ ಇಟ್ಟುಕೊಳ್ಳಲು, ಮತ್ತೆ ಗಾಡಿ ಮೇಲೆ ಕೂರಿಸಿದ ಯಂತ್ರಗಳನ್ನು ನಡೆಸಲು ಅವರಿಗೆ ಅದು ಬೇಕು.

ನನ್ನ ಗಾಡಿಯಲ್ಲಿ ಅದು ಇದೆಯೇ ಎಂದು ಕೇಳಿದರೆ ಮೊದಲ ಸರ್ವಿಸ್ ಸೆಂಟರಿನವರು "ಅಂಥದ್ದೇನೂ ಇಲ್ಲ" ಎಂದು ಕಳಿಸಿಬಿಟ್ಟರು. ಇದೆ ಎಂದು ತಿಳಿದದ್ದು ಫ್ರಿಜ್ ಬಾಡಿ ಕಟ್ಟಿದವರಿಂದ. ಬಾಡಿ ಕಟ್ಟುವವರಿಗೆ ಎಂದೇ ಗಾಡಿಯ ಕಂಪನಿ ಒಂದು ವೈರಿಂಗ್ ಪುಸ್ತಕ ಕೊಡುತ್ತದೆ. ಇಸಿಯುವಿನ ಒಂದು ಪಿನ್ನು ಹೀಗೆ ಐಡಲ್ ಏರಿಸಲೆಂದೇ ಇದೆ, ಆದರೆ ಕಾರ್ಖಾನೆಯಿಂದ ಬರುವಾಗ ಬಂದ್ ಮಾಡಿರುತ್ತಾರೆ ಎಂದು ಅದರಲ್ಲಿತ್ತು. ಆ ಪುಟದ ಫೋಟೋ ಹಿಡಿದುಕೊಂಡು ಇನ್ನೊಂದು ಸರ್ವಿಸ್ ಸೆಂಟರಿಗೆ ಹೋದೆ. ಅಲ್ಲಿಯ ಎಂಜಿನಿಯರ್ ಓದಿ ನೋಡಿ, ಟೂಲ್ ಹಾಕಿ ಹತ್ತು ನಿಮಿಷದಲ್ಲಿ ತೆರೆದುಕೊಟ್ಟರು. ಹಾಗಾಗಿ ನನ್ನ ಸಲಹೆ: ಮೊದಲು ನಿಮ್ಮ ಗಾಡಿಯ ಪುಸ್ತಕ ಹುಡುಕಿ. ನಿಮ್ಮ ಇಸಿಯುನಲ್ಲಿ ಆ ದಾರಿ ಇಲ್ಲದಿದ್ದರೆ ಬಲವಂತ ಮಾಡಬೇಡಿ.

ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲರುಗಳಿಗೆ ರಜೆ, ನನ್ನ ಗಾಡಿಗೂ ಅರ್ಧ ರಜೆ. 2023ರ ಆ ರಜೆಯಲ್ಲಿ ಕೆಲಸ ಹಿಡಿದೆವು.

ಪಿನ್ನಿಗೆ ಒಂದು ಸ್ವಿಚ್ ಹಾಕಿದರೆ ಮುಗಿಯಿತಲ್ಲ ಎಂದು ನಾನು ಅಂದುಕೊಂಡಿದ್ದೆ. ಹುಡುಗ ಒಪ್ಪಲಿಲ್ಲ. ಗೇರು ಬಿದ್ದಿರುವಾಗ 1150 ಆರ್‌ಪಿಎಂ ಎಂದರೆ ಕ್ಲಚ್ ಬಿಟ್ಟ ಕೂಡಲೇ ಗಾಡಿ ನುಗ್ಗುತ್ತದೆ. ಮಾರುಕಟ್ಟೆಯಲ್ಲಿ ಗಾಡಿಯ ಮುಂದೆಯೇ ಹೆಂಗಸರು ಬುಟ್ಟಿ ಇಟ್ಟುಕೊಂಡು ಕೂತಿರುತ್ತಾರೆ. ಅದಕ್ಕೇ ಮೂರು ಷರತ್ತು: ಗೇರು ನ್ಯೂಟ್ರಲ್ ಇರಬೇಕು, ಹ್ಯಾಂಡ್‌ಬ್ರೇಕ್ ಎಳೆದಿರಬೇಕು, ಕಾಲುಬ್ರೇಕ್ ಒತ್ತಿರಬಾರದು. ಮೂರನ್ನೂ ಸಾಲಾಗಿ ಜೋಡಿಸಿದರೆ ಯಾವುದೊಂದು ತಪ್ಪಿದರೂ ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್) ಬಿಡುತ್ತದೆ, ಎಂಜಿನ್ 780ಕ್ಕೆ ಇಳಿಯುತ್ತದೆ.

ಇಲ್ಲಿ ಒಂದು ಸೂಕ್ಷ್ಮ ಇದೆ, ಯಾರೂ ಹೇಳುವುದಿಲ್ಲ. ಹ್ಯಾಂಡ್‌ಬ್ರೇಕಿನ ಕೆಂಪು ದೀಪದ ವೈರಿನಿಂದಲೇ ಕರೆಂಟು ಎತ್ತಿದರೆ ಸುಲಭ ಅಂತ ಎಲ್ಲರೂ ಅಲ್ಲೇ ಕೈ ಹಾಕುತ್ತಾರೆ. ಆದರೆ ನನ್ನ ಗಾಡಿಯಲ್ಲಿ, ಬಹಳಷ್ಟು ಗಾಡಿಗಳಲ್ಲೂ, ಬ್ರೇಕ್ ಆಯಿಲ್ ಕಡಿಮೆಯಾದರೂ ಹತ್ತುವುದು ಅದೇ ದೀಪ. ಅಂದರೆ ಆಯಿಲ್ ಇಳಿದ ದಿನ, ಹ್ಯಾಂಡ್‌ಬ್ರೇಕ್ ಎಳೆಯದೆಯೂ ಎಳೆದಿದೆ ಎಂದು ರಿಲೇ ನಂಬುತ್ತದೆ. ಬ್ರೇಕ್ ಕೆಟ್ಟ ದಿನವೇ ಕಾವಲೂ ತಪ್ಪುತ್ತದೆ. ನಾವು ಹ್ಯಾಂಡ್‌ಬ್ರೇಕ್ ಲಿವರಿನ ಬುಡಕ್ಕೆ ಬೇರೆಯೇ ಒಂದು ಮೈಕ್ರೋ ಸ್ವಿಚ್ ಕೂರಿಸಿದೆವು.

ಇನ್ನೊಂದು, ಬ್ರೇಕ್ ಒತ್ತಿ ಬಿಟ್ಟ ಮೇಲೆ ಹೈ ಐಡಲ್ ತಾನಾಗಿ ಮರಳಿ ಬರಬಾರದು. ಬೋರ್‌ವೆಲ್ ಸ್ಟಾರ್ಟರ್ ನೋಡಿದ್ದೀರಲ್ಲ, ಕರೆಂಟು ಹೋಗಿ ಬಂದರೆ ಹಸಿರು ಬಟನ್ ಒತ್ತುವವರೆಗೆ ಮೋಟಾರು ಏಳುವುದಿಲ್ಲ. ಅದೇ ಹೋಲ್ಡಿಂಗ್ ಕಾಂಟ್ಯಾಕ್ಟ್ ಲೆಕ್ಕದಲ್ಲಿ ರಿಲೇ ಕಟ್ಟಿದೆವು: ಒಂದು ಹಸಿರು ಬಟನ್, ಒಂದು ಕೆಂಪು. ರಿಲೇ ಕಾಯಿಲಿಗೆ ಅಡ್ಡಲಾಗಿ ಒಂದು ಡಯೋಡ್, ರಿಲೇ ಬಿಡುವಾಗ ಏಳುವ ವೋಲ್ಟೇಜಿನ ಹೊಡೆತ ಇಸಿಯು ಕಡೆ ಹೋಗದಿರಲಿ ಎಂದು. ಐದು ಆಂಪಿಯರ್ ಫ್ಯೂಸ್. ನನ್ನ ಪಿನ್ನು ಅರ್ತ್ ಕೊಟ್ಟರೆ ಕೆಲಸ ಮಾಡುವಂಥದ್ದು. ಪುಸ್ತಕ ನೋಡದೆ 12 ವೋಲ್ಟ್ ಕೊಟ್ಟಿದ್ದರೆ ಇಸಿಯು ಸುಟ್ಟು ಹೋಗುವ ಸಂಭವವೂ ಇತ್ತು. ಸಾಲದ್ದಕ್ಕೆ ಮೀನಿನ ಗಾಡಿ, ಉಪ್ಪುನೀರು ಸದಾ ತೊಟ್ಟಿಕ್ಕುತ್ತಿರುತ್ತದೆ. ಹಳೇ ಜಾಯಿಂಟ್ ಒಂದರ ಟೇಪು ಬಿಚ್ಚಿದರೆ ತಾಮ್ರದ ಎಳೆಗಳ ಮೇಲೆ ಹಸಿರು ಕಿಲುಬು ಪಾಚಿಯ ಹಾಗೆ ಕೂತಿತ್ತು, ಬೆರಳಿಗೆ ಪುಡಿಪುಡಿಯಾಗಿ ಬಂತು. ಹಾಗಾಗಿ ಎಲ್ಲೂ ವೈರ್ ಹೊಸೆದು ಟೇಪು ಸುತ್ತಲಿಲ್ಲ. ಲಗ್ಗು ಒತ್ತಿಸಿ, ಬಿಸಿಗಾಳಿಗೆ ಬಿಗಿಯುವ ಸ್ಲೀವ್ ಹಾಕಿದೆವು.

ಎಷ್ಟು ಆರ್‌ಪಿಎಂ ಇಡಬೇಕು ಎನ್ನುವುದಕ್ಕೆ ಮತ್ತೆ ಸರ್ವಿಸ್ ಸೆಂಟರಿಗೆ ಹೋಗಿ ಟೂಲಿನಲ್ಲಿ ಬದಲಿಸುತ್ತಾ ನೋಡಿದೆವು. 1000ದಲ್ಲಿ ಸೈಲೆನ್ಸರಿನ ಬ್ರಾಕೆಟ್ಟು, ಫ್ರಿಜ್ ಬಾಡಿ ಎರಡೂ ಸೇರಿ ಹಲ್ಲು ಕಡಿದ ಹಾಗೆ ನಡುಗಿದವು. 1150ಕ್ಕೆ ನಡುಕ ಪೂರ್ತಿ ನಿಂತಿತು. 1300ರಲ್ಲಿ ತಂಪೇನೋ ಇನ್ನೂ ಚೆನ್ನಾಗಿತ್ತು, ಆದರೆ ಸದ್ದು ಜಾಸ್ತಿ. ನಸುಕಿನ ನಾಲ್ಕು ಗಂಟೆಗೆ ವಸತಿ ಇರುವ ಕಡೆ ಅದು ಸಲ್ಲದು. 1150ಕ್ಕೆ ಬಿಟ್ಟೆವು. ಬ್ಯಾಟರಿ ವೋಲ್ಟೇಜ್ ಮೊದಲು ಎಲ್ಲ ಹಾಕಿದಾಗ 12.9ಕ್ಕೆ ಕುಸಿಯುತ್ತಿತ್ತು, ಈಗ 14ರ ಮೇಲೆ ನಿಲ್ಲುತ್ತದೆ. ಡೀಸೆಲ್ ಹೆಚ್ಚು ಹೋಗುತ್ತದೆ, ಅದರಲ್ಲಿ ಮುಚ್ಚುಮರೆ ಇಲ್ಲ. ಟ್ಯಾಂಕನ್ನು ಬಾಯಿವರೆಗೆ ತುಂಬಿಸಿ ಅಳೆದೆ: ಫ್ರಿಜ್ ನಡೆಯುತ್ತಾ ಗಂಟೆಗೆ ಮೊದಲು ಒಂದು ಲೀಟರ್, ಈಗ ಸುಮಾರು ಒಂದೂಕಾಲು. ಒಂದು ಪೆಟ್ಟಿಗೆ ಸಿಗಡಿ ವಾಪಸ್ ಬಂದರೆ ಆಗುವ ನಷ್ಟದ ಮುಂದೆ ಅದು ಏನೇನೂ ಅಲ್ಲ.

ಬಳಸುವಾಗ ನಾನು ಪಾಲಿಸುವುದು ಇಷ್ಟು. ಬೆಳಗಿನ ಮೊದಲ ಸ್ಟಾರ್ಟಿಗೆ ಕೂಡಲೇ ಹಸಿರು ಬಟನ್ ಒತ್ತುವುದಿಲ್ಲ, ಆಯಿಲ್ ಮೇಲೆ ಏರಲಿ ಎಂದು ಒಂದು ನಿಮಿಷ ಬಿಡುತ್ತೇನೆ. ಬಂದ್ ಮಾಡುವ ಮುಂಚೆ ಮಾಮೂಲಿ ಐಡಲಿನಲ್ಲಿ ಒಂದು ನಿಮಿಷ, ಟರ್ಬೋ ತಣಿಯಲಿ ಎಂದು. ಮುಚ್ಚಿದ ಶೆಡ್ಡಿನೊಳಗೆ ಯಾವತ್ತೂ ಇಲ್ಲ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ಒಳಗೆ ಮಲಗಿದವನು ಏಳುವುದಿಲ್ಲ. ಒಣಹುಲ್ಲಿನ ಮೇಲೂ ನಿಲ್ಲಿಸುವುದಿಲ್ಲ. ಬಿಎಸ್ 6 ಗಾಡಿ ಇರುವವರು, ಅಂದರೆ 2020ರ ಏಪ್ರಿಲ್ ನಂತರದವರು, ಇನ್ನೂ ಎಚ್ಚರ ಇರಬೇಕು. ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಇರುವ ಗಾಡಿಯಲ್ಲಿ ನಿಂತಲ್ಲೇ ಗಂಟೆಗಟ್ಟಲೆ ಓಡಿಸುವುದು ಅದಕ್ಕೆ ಒಳ್ಳೆಯದಲ್ಲ. ಕಂಪನಿಯವರನ್ನು ಕೇಳದೆ ಕೈ ಹಾಕಬೇಡಿ.

ನಿಜವಾದ ಪರೀಕ್ಷೆ ಬಂದದ್ದು ಮರುವರ್ಷ. 2024ರ ಆಗಸ್ಟ್ 7ರ ನಸುಕಿನಲ್ಲಿ ಕಾರವಾರ ಮತ್ತು ಸದಾಶಿವಗಡದ ನಡುವಿನ ಕಾಳಿ ನದಿಯ ಹಳೇ ಸೇತುವೆ ಕುಸಿದುಬಿತ್ತು. ಮೀನಿನ ಹಂಗಾಮು ಆಗತಾನೇ ಶುರುವಾಗಿತ್ತು. ಉಳಿದ ಒಂದೇ ಸೇತುವೆಯ ಮೇಲೆ ಎರಡೂ ಕಡೆಯ ಗಾಡಿ. ಅಂಥ ಒಂದು ದಿನ ನಾನು ಸಾಲಿನಲ್ಲಿ ಎರಡು ಗಂಟೆ ನಿಂತೆ. ಹ್ಯಾಂಡ್‌ಬ್ರೇಕ್ ಎಳೆದು, ನ್ಯೂಟ್ರಲ್ ಮಾಡಿ, ಹಸಿರು ಬಟನ್ ಒತ್ತಿ ಕೂತೆ. ಮುಂದಿನ ಗಾಡಿ ಹತ್ತು ಮಾರು ಸರಿದಾಗಲೆಲ್ಲ ಬ್ರೇಕ್ ಮೇಲೆ ಕಾಲಿಟ್ಟರೆ ಎಂಜಿನ್ ತಾನಾಗಿ ಇಳಿಯುತ್ತಿತ್ತು, ಮತ್ತೆ ನಿಂತಾಗ ಒತ್ತುತ್ತಿದ್ದೆ. ಮಡಗಾಂವಿನಲ್ಲಿ ಬಾಗಿಲು ತೆರೆದಾಗ ಮೀಟರಿನಲ್ಲಿ 3 ಡಿಗ್ರಿ. ಸಿಗಡಿಯ ಮೀಸೆ ಕೂಡ ಗಟ್ಟಿಯಾಗಿತ್ತು.

ಹೋದ ತಿಂಗಳು ಒಂದು ಬೆಳಿಗ್ಗೆ ಹಸಿರು ಬಟನ್ ಒತ್ತಿದರೆ ಏನೂ ಆಗಲಿಲ್ಲ. ಲಿವರಿನ ಬುಡದ ಮೈಕ್ರೋ ಸ್ವಿಚ್ಚಿಗೆ ಉಪ್ಪು ಹಿಡಿದಿತ್ತು. ಹುಡುಗನಿಗೆ ಫೋನ್ ಮಾಡಿದೆ. "ಕೆಟ್ಟರ ಬಂದಾಗಿ ಕೆಡಬೇಕು ಅಣ್ಣಾರ, ಹಂಗ ಕಟ್ಟೀನಿ. ಹೊಸಾದು ನೂರಾ ಇಪ್ಪತ್ತು ರೂಪಾಯಿ, ಸಂಜೀಕ ಬರ್ರಿ" ಎಂದ. ಈಗ ತಿಂಗಳಿಗೊಮ್ಮೆ ಗಾಡಿ ತೊಳೆಯುವಾಗ ಆ ಸ್ವಿಚ್ಚನ್ನೂ ಒರೆಸಿ, ಹ್ಯಾಂಡ್‌ಬ್ರೇಕ್ ಬಿಟ್ಟು, ಬ್ರೇಕ್ ಒತ್ತಿ, ಗೇರು ಹಾಕಿ, ಮೂರು ಸಲ ಎಂಜಿನ್ ಇಳಿಯುವುದನ್ನು ಕಿವಿಯಾರೆ ಕೇಳಿಯೇ ಬಂದರಿಗೆ ಹೊರಡುತ್ತೇನೆ.