ಮಳೆ ರಜೆಯಲ್ಲಿ ಇಂಗ್ಲಿಷ್ ಪದ್ಯ: ದೂರದಿಂದ ಸಾಹಿತ್ಯ ಓದಿಸುವುದು ಹೇಗೆ?

ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಜಡಿಮಳೆಯ ಕಕ್ಕಡ ತಿಂಗಳು ಹತ್ತಿರ ಬಂತೆಂದರೆ ಕೊಡಗಿನ ಮೇಷ್ಟ್ರುಗಳು ಬೆಳಿಗ್ಗೆ ಕಾಫಿಗಿಂತ ಮೊದಲು ಮೊಬೈಲ್ ನೋಡುತ್ತಾರೆ: ಜಿಲ್ಲಾಧಿಕಾರಿಗಳ ರಜೆ ಆದೇಶ ಬಂತೇ? ಒಂದು ದಿನದ ರಜೆ ಎಂದುಕೊಂಡರೆ ಭಾಗಮಂಡಲದಲ್ಲಿ ಸಂಗಮ ಉಕ್ಕಿ ನಾಪೋಕ್ಲು ರಸ್ತೆ ಮುಳುಗುತ್ತದೆ, ಇನ್ನೊಂದೆಡೆ ಮರ ಬಿದ್ದು ಕರೆಂಟ್ ಹೋಗುತ್ತದೆ, ವಾರ ಕಳೆದದ್ದೇ ತಿಳಿಯುವುದಿಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದಾಗಂತೂ ಪಾಠದ ಮಾತೆತ್ತುವ ಸ್ಥಿತಿಯೇ ಇರಲಿಲ್ಲ. ಆಮೇಲೆ 2020ರ ಕೊರೊನಾ.

ಗಣಿತ ತಪ್ಪಿಹೋದರೆ ಸ್ಪೆಷಲ್ ಕ್ಲಾಸ್ ಇಟ್ಟು ಹಿಡಿದುಕೊಳ್ಳಬಹುದು. ಇಂಗ್ಲಿಷ್ ಪದ್ಯ ತಪ್ಪಿಹೋದರೆ ಆ ಜಾಗಕ್ಕೆ ಗೈಡ್ ಬರುತ್ತದೆ. ಮಕ್ಕಳು ಸಾರಾಂಶವನ್ನು ಬಾಯಿಪಾಠ ಮಾಡುತ್ತಾರೆ, ಪರೀಕ್ಷೆಯಲ್ಲಿ ಅಂಕವೂ ಬೀಳುತ್ತದೆ, ಪದ್ಯವನ್ನು ಮಾತ್ರ ಯಾರೂ ಓದಿರುವುದಿಲ್ಲ. ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಹೇಳಿಕೊಡುವ ನಾನು ಕೆಲವು ಮಳೆಗಾಲ ಎಡವಿದ ಮೇಲೆ ಒಂದು ವಿಷಯ ಕಂಡುಕೊಂಡೆ. ದೂರದಿಂದ ಸಾಹಿತ್ಯ ಓದಿಸಲು ಮುಖ ಕಾಣಬೇಕಾಗಿಲ್ಲ, ದನಿ ಕೇಳಿಸಿದರೆ ಆಯಿತು.

ವಿಡಿಯೊ ಆಸೆ ಬಿಡಿ

2020ರಲ್ಲಿ ನಾನೂ ಹುಮ್ಮಸ್ಸಿನಿಂದ ವಿಡಿಯೊ ತರಗತಿ ಶುರು ಮಾಡಿದ್ದೆ. ಬಂದವರು ಬೆರಳೆಣಿಕೆಯಷ್ಟು, ಒಬ್ಬ ಹುಡುಗ ಸಿಗ್ನಲ್‌ಗಾಗಿ ತೋಟದ ಮೇಲಿನ ಬಂಡೆ ಹತ್ತಿ ಕೊಡೆ ಹಿಡಿದು ಕೂತಿದ್ದ. ತೋಟದ ಕಾರ್ಮಿಕರು ಇರುವ ಲೈನ್ ಮನೆಯ ಮಕ್ಕಳಿಗೆ ಅಪ್ಪನ ಫೋನ್ ಒಂದೇ. ಅದು ಬೆಳಿಗ್ಗೆ ಅಪ್ಪನ ಜೊತೆ ಕೆಲಸಕ್ಕೆ ಹೋದರೆ ಬರುವುದು ಸಂಜೆಗೆ. ಹತ್ತು ಗಂಟೆಗೆ ಆನ್‌ಲೈನ್ ಕ್ಲಾಸ್ ಇಟ್ಟ ನಾನೇ ದಡ್ಡ. ಆ ವರ್ಷ ಚಂದನ ವಾಹಿನಿಯಲ್ಲಿ ಸೇತುಬಂಧ ಪಾಠಗಳು ಬಂದವು, ಟಿವಿ ಇದ್ದವರಿಗೆ ಉಪಯೋಗವೂ ಆಯಿತು. ಆದರೆ ಟಿವಿಗೆ ತಿರುಗಿ ಪ್ರಶ್ನೆ ಕೇಳುವ ಹಾಗಿಲ್ಲವಲ್ಲ.

ಖರ್ಚಿನ ಲೆಕ್ಕ ಬೇರೆ ಇದೆ. ಒಂದು ಗಂಟೆ ವಿಡಿಯೊ ನಡೆಸಿದರೆ ಐನೂರು ಎಂಬಿ ದಾಟಬಹುದು. ಐದು ನಿಮಿಷದ ವಾಟ್ಸ್‌ಆ್ಯಪ್ ವಾಯ್ಸ್ ಮೆಸೇಜ್ ಒಂದೆರಡು ಎಂಬಿಯಲ್ಲಿ ಮುಗಿಯುತ್ತದೆ. ಸಿಗ್ನಲ್ ಬಂದಾಗ ಇಳಿಸಿಕೊಂಡರೆ ಎಷ್ಟು ಸಲ ಬೇಕಾದರೂ ಕೇಳಬಹುದು.

ಜೂನ್‌ನಲ್ಲೇ ಮಾಡಿಕೊಳ್ಳಬೇಕಾದ್ದು

ಸ್ಮಾರ್ಟ್‌ಫೋನ್ ಯಾರ ಮನೆಯಲ್ಲಿದೆ, ಎಷ್ಟು ಗಂಟೆಗೆ ಸಿಗುತ್ತದೆ, ಕೀಪ್ಯಾಡ್ ಫೋನ್ ಯಾರದು, ಎರಡೂ ಇಲ್ಲದ ಮಗು ಯಾರ ಮನೆಗೆ ನಡೆದು ಹೋಗಬಹುದು ಎಂದು ಒಂದು ಪಟ್ಟಿ ಬರೆದಿಡಿ. ಹೊಳೆ ದಾಟಿ ಹೋಗಬೇಕಾದ ಮನೆ ಹತ್ತಿರದ ಮನೆಯಲ್ಲ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಪುಸ್ತಕದ ಪಿಡಿಎಫ್ ಉಚಿತವಾಗಿ ಸಿಗುತ್ತದೆ. ಪುಸ್ತಕದಲ್ಲಿರುವ ಕ್ಯೂಆರ್ ಕೋಡ್‌ಗಳನ್ನು ದೀಕ್ಷಾ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿದರೆ ಪೂರಕ ಪಾಠ ತೆರೆಯುತ್ತದೆ. ಬೇಕಾದ್ದನ್ನು ನೆಟ್ ಇರುವಾಗಲೇ ಇಳಿಸಿಟ್ಟುಕೊಳ್ಳಿ. ಮಕ್ಕಳ ಪುಸ್ತಕಕ್ಕೆ ದಪ್ಪ ಪ್ಲಾಸ್ಟಿಕ್ ಕವರ್ ಹಾಕಿಸಿ. ಒದ್ದೆ ಪುಸ್ತಕವನ್ನು ಒಲೆಯ ಮೇಲೆ ಒಣಗಲಿಟ್ಟು ಹೊಗೆ ವಾಸನೆಯ ಶೇಕ್ಸ್‌ಪಿಯರ್ ತಂದುಕೊಟ್ಟವರಿದ್ದಾರೆ.

ವಾರಕ್ಕೆ ಒಂದೇ ಪದ್ಯ

ದಿನಕ್ಕೊಂದು ಪಾಠ ಕಳಿಸುವ ಉತ್ಸಾಹ ಬೇಡ. ಒಂದು ಪದ್ಯವನ್ನು ಐದು ದಿನ ಹಿಗ್ಗಿಸಿ. ಶೇಕ್ಸ್‌ಪಿಯರನ ‘ವೆನಿಸ್ಸಿನ ವರ್ತಕ’ ನಾಟಕದ ನಾಲ್ಕನೇ ಅಂಕದಲ್ಲಿ ಪೋರ್ಷಿಯಾ ಕರುಣೆಯ ಬಗ್ಗೆ ಆಡುವ ಮಾತು ನಮ್ಮ ಹತ್ತನೇ ತರಗತಿಯವರು ಓದಿದ ಪದ್ಯ. ಅದನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ.

ಮೊದಲ ದಿನ ಪದ್ಯ ಮುಟ್ಟಬೇಡಿ, ಕಥೆ ಹೇಳಿ. ಸಾಲ ತೀರದಿದ್ದರೆ ಮೈಯಿಂದ ಒಂದು ಪೌಂಡ್ ಮಾಂಸ ಎಂದು ಶೈಲಾಕ್ ಪತ್ರ ಬರೆಸಿಕೊಂಡದ್ದು, ಆಂಟೋನಿಯೊ ಸಿಕ್ಕಿಬಿದ್ದದ್ದು, ಪೋರ್ಷಿಯಾ ಗಂಡು ವೇಷದಲ್ಲಿ ವಾದಿಸಲು ಬಂದದ್ದು ನಾಲ್ಕು ನಿಮಿಷದ ಮಾತು. ಕನ್ನಡದಲ್ಲೇ ಹೇಳಿ. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ ಆಡುವ ಮಕ್ಕಳಿಗೆ ಇಂಗ್ಲಿಷ್ ಮೂರನೆಯದೋ ನಾಲ್ಕನೆಯದೋ ಭಾಷೆ. ಕಥೆಯಲ್ಲೂ ಎಡವಿದರೆ ಪದ್ಯದ ಬಾಗಿಲಿಗೇ ಬರುವುದಿಲ್ಲ.

ಎರಡನೇ ದಿನ ಪದ್ಯವನ್ನು ನಿಧಾನವಾಗಿ ಎರಡು ಸಲ ಓದಿ ಕಳಿಸಿ. ನಿಮ್ಮ ದನಿ ಎಲ್ಲಿ ನಿಲ್ಲುತ್ತದೋ ಅಲ್ಲಿ ಮಕ್ಕಳು ಪೆನ್ಸಿಲ್ ಗೆರೆ ಹಾಕಲಿ. ಕರುಣೆ ಆಕಾಶದಿಂದ ಮೆಲ್ಲಗೆ ಬೀಳುವ ಮಳೆಯಂತೆ ಎನ್ನುವ ಸಾಲು ‘ಹೆವನ್’ ಎಂಬಲ್ಲಿ ಮುಗಿಯುತ್ತದೆ, ಮಾತು ಮುಗಿಯುವುದಿಲ್ಲ. ಮುಂದಿನ ಸಾಲಿನ ‘ಬಿನೀತ್’ ತನಕ ಉಸಿರು ಹಿಡಿಯಬೇಕು. ಮಳೆ ಮೇಲಿಂದ ಕೆಳಗಿಳಿದ ಹಾಗೆ ವಾಕ್ಯವೂ ಸಾಲಿನಿಂದ ಸಾಲಿಗೆ ಇಳಿಯುತ್ತದೆ. ತರಗತಿಯಲ್ಲಿ ಸಾಲಿನ ತುದಿಗೆಲ್ಲ ನಿಂತು ನಿಂತು ಓದುವ ಮಕ್ಕಳು ಕಿವಿಗೆ ಫೋನ್ ಹಚ್ಚಿ ಕೇಳಿದಾಗ ಇದನ್ನು ಬೇಗ ಹಿಡಿದರು. ಸಾಲಿಗೆ ಹೆಚ್ಚುಕಡಿಮೆ ಐದು ಒತ್ತು ಬೀಳುತ್ತದೆ. ತೊಡೆಯ ಮೇಲೆ ತಟ್ಟುತ್ತಾ ಕೇಳಲು ಹೇಳಿ.

ಮೂರನೇ ದಿನ ಪ್ರಶ್ನೆ, ಅದೂ ಒಂದೇ ಒಂದು. ಗೈಡ್‌ನಲ್ಲೂ ಗೂಗಲ್‌ನಲ್ಲೂ ಉತ್ತರ ಇರಬಾರದು. ನಾನು ಕೇಳಿದ್ದು: ‘ಈಗ ನಿಮ್ಮ ಹಂಚಿನ ಮೇಲೆ ಬೀಳುತ್ತಿರುವ ಮಳೆ ಪೋರ್ಷಿಯಾ ಹೇಳುವ ಮಳೆಯೇ?’ ಹೆಚ್ಚಿನವರು ಅಲ್ಲ ಎಂದರು. ಒಬ್ಬಳು ವಾಯ್ಸ್ ಮೆಸೇಜ್ ಕಳಿಸಿದಳು: ‘ಇದಲ್ಲ ಸಾರ್, ಅವಳು ಹೇಳೋದು ಹೂಮಳೆ.’ ಮಾರ್ಚ್, ಏಪ್ರಿಲ್‌ನಲ್ಲಿ ಬಂದು ಕಾಫಿ ಗಿಡದ ಮೊಗ್ಗು ಬಿರಿಸುವ ಮಳೆ. ಯಾರು ಕರೆದರೂ ಬರುವುದಿಲ್ಲ, ಬಂದರೆ ಅರ್ಧ ಎಕರೆಯವನಿಗೂ ದೊಡ್ಡ ಎಸ್ಟೇಟಿಗೂ ಒಂದೇ. ಕರುಣೆಯನ್ನು ಬಲವಂತದಿಂದ ಹಿಂಡಲಾಗದು ಎಂದು ಪೋರ್ಷಿಯಾ ಹೇಳುವುದೂ ಅದನ್ನೇ. ಅಲ್ಲಿಗೆ ಪದ್ಯ ಮುಗಿಯಿತೆಂದು ನಾನು ಬೀಗುತ್ತಿದ್ದಾಗ ಇನ್ನೊಬ್ಬನ ಮೆಸೇಜ್ ಬಂತು: ‘ದುಡ್ಡಿದ್ದವರು ಹೂವಿಗೆ ಸ್ಪ್ರಿಂಕ್ಲರ್ ಹಾಕ್ತಾರಲ್ಲ ಸಾರ್?’ ನನ್ನ ಹತ್ತಿರ ಸಿದ್ಧ ಉತ್ತರ ಇರಲಿಲ್ಲ. ಆ ಮಾತನ್ನೇ ಎಲ್ಲರಿಗೂ ಕಳಿಸಿದೆ. ವಾರವಿಡೀ ಜಗಳ ನಡೆಯಿತು. ಅಷ್ಟು ಜಗಳವನ್ನು ತರಗತಿಯ ನಲವತ್ತು ನಿಮಿಷದಲ್ಲಿ ನಾನು ಯಾವತ್ತೂ ಕಂಡಿರಲಿಲ್ಲ.

ನಾಲ್ಕನೇ ದಿನ ಕಾನ್ಫರೆನ್ಸ್ ಕಾಲ್

ಇದಕ್ಕೆ ಇಂಟರ್ನೆಟ್ ಬೇಡ, ಕೀಪ್ಯಾಡ್ ಫೋನ್ ಸಾಕು. ಒಬ್ಬರಿಗೆ ಕರೆ ಮಾಡಿ, ‘ಆ್ಯಡ್ ಕಾಲ್’ ಒತ್ತಿ ಇನ್ನೊಬ್ಬರನ್ನು ಕರೆಯಿರಿ, ‘ಮರ್ಜ್’ ಒತ್ತಿ. ಹೀಗೆ ಸಾಮಾನ್ಯವಾಗಿ ಐವರನ್ನು ಸೇರಿಸಬಹುದು. ನಾನು ನಾಲ್ವರಿಗೇ ನಿಲ್ಲಿಸುತ್ತೇನೆ. ಪುತ್ತರಿ (ಸುಗ್ಗಿ ಹಬ್ಬ), ಮದುವೆಗಳಲ್ಲಿ ಕೊಡವರ ಬಾಳೋಪಾಟ್ ಹಾಡುವವರನ್ನು ನೋಡಿದ್ದೀರಲ್ಲ: ದುಡಿ ಹಿಡಿದ ನಾಲ್ವರಲ್ಲಿ ಇಬ್ಬರು ಎತ್ತಿದ ಸಾಲನ್ನು ಇನ್ನಿಬ್ಬರು ಹಿಡಿಯುತ್ತಾರೆ. ಹಾಗೇ ಓದಿಸಿ. ಒಂದು ಜೋಡಿ ಓದಿದ ಮಾತನ್ನು ಇನ್ನೊಂದು ಜೋಡಿ ಮತ್ತೆ ಓದಲಿ. ಫೋನ್‌ನಲ್ಲಿ ದನಿ ಒಂದು ಚೂರು ತಡವಾಗಿ ಬರುವುದರಿಂದ ಜೋಡಿಯಲ್ಲೂ ಒಟ್ಟಿಗೆ ಓದುವ ಬದಲು ಒಬ್ಬರಾದ ಮೇಲೊಬ್ಬರು ಓದುವುದು ಲೇಸು. ತಗಡಿನ ಸೂರಿನ ಸದ್ದು ಜೋರಾಗಿದ್ದರೆ ಆ ಮಗು ಹೊದಿಕೆ ಹೊದ್ದು ಮಾತಾಡಲಿ, ನಗೆಯಾಟವಲ್ಲ, ಕೆಲಸ ಮಾಡುತ್ತದೆ. ಹದಿನೈದು ನಿಮಿಷ ಸಾಕು, ಸಂಜೆ ಏಳರ ಮೇಲೆ ಇಟ್ಟುಕೊಳ್ಳಿ. ಎಲ್ಲ ಗುಂಪನ್ನೂ ನೀವೇ ನಡೆಸಲು ಹೋದರೆ ಸುಸ್ತಾಗುತ್ತೀರಿ. ಎರಡನೇ ವಾರದಿಂದ ಮಕ್ಕಳೇ ಕರೆ ಜೋಡಿಸುತ್ತಾರೆ.

ಐದನೇ ದಿನ ಬರವಣಿಗೆ. ಹತ್ತು ಸಾಲು, ಕೈಯಲ್ಲಿ ಬರೆದದ್ದು, ಮನೆಯದೋ ತೋಟದ್ದೋ ಒಂದು ವಿವರ ಇರಲೇಬೇಕು. ಆ ಒಂದು ಷರತ್ತು ಹಾಕಿದರೆ ನಕಲು ತಾನಾಗಿ ಕಡಿಮೆಯಾಗುತ್ತದೆ. ಫೋಟೊ ಕಳಿಸಲಾಗದವರು ಹಾಳೆಯನ್ನು ಇಟ್ಟುಕೊಂಡಿರಲಿ. ತಪ್ಪುಗಳಿಗೆಲ್ಲ ಕೆಂಪು ಗೀಟು ಹಾಕುವ ಚಪಲ ನನಗೂ ಇದೆ. ಒಂದೇ ತಪ್ಪು ಆರಿಸಿ ವಾಯ್ಸ್ ಮೆಸೇಜ್‌ನಲ್ಲಿ ತಿದ್ದಿ.

ಗದ್ಯವಾದರೆ

ಮೂರು ತುಂಡು ಮಾಡಿ, ಪ್ರತಿ ತುಂಡನ್ನೂ ಮನೆಯ ಅಜ್ಜಿಗೆ ಅವರ ಭಾಷೆಯಲ್ಲಿ ಹೇಳಲು ಹಚ್ಚಿ. ಆರ್.ಕೆ. ನಾರಾಯಣರ ‘ಎ ಹೀರೊ’ ಕಥೆಯಲ್ಲಿ ಹುಡುಗನೊಬ್ಬ ಹುಲಿಯೊಂದಿಗೆ ಹೋರಾಡಿದ ಸುದ್ದಿಯನ್ನು ಅಪ್ಪ ಓದಿ ಹೇಳಿದರೆ ಸ್ವಾಮಿ ಅದನ್ನು ನಂಬುವುದಿಲ್ಲ. ಕುಟ್ಟ, ಶ್ರೀಮಂಗಲದ ಕಡೆಯ ಅಜ್ಜಿಯರು ಆ ಜಾಗದಲ್ಲಿ ಸುಮ್ಮನೆ ಕೇಳಿಸಿಕೊಳ್ಳುವುದಿಲ್ಲ, ತಮ್ಮದೊಂದು ಹುಲಿ ಕಥೆ ಸೇರಿಸುತ್ತಾರೆ. ಅದನ್ನೂ ಬರೆಸಿ. ‘ನಮಗೆ ಇಂಗ್ಲಿಷ್ ಬರಲ್ಲ ಸಾರ್’ ಎನ್ನುವ ಪೋಷಕರಿಗೆ ಕೊಡಬೇಕಾದ ಕೆಲಸವೂ ಇದೇ, ಕೇಳಿಸಿಕೊಳ್ಳುವುದು.

ಟವರೇ ಸತ್ತರೆ

ಆಗ ಜೂನ್‌ನಲ್ಲೇ ಕೊಟ್ಟ ಹಾಳೆ ಕೈಹಿಡಿಯಬೇಕು: ಎರಡು ಪದ್ಯ, ಎರಡು ಪ್ರಶ್ನೆ. ಸಿಗ್ನಲ್ ಇಲ್ಲದ ಕಡೆ ಫೋನ್ ಅದನ್ನು ಹುಡುಕಿ ಹುಡುಕಿಯೇ ಬ್ಯಾಟರಿ ತಿನ್ನುತ್ತದೆ. ಏರೋಪ್ಲೇನ್ ಮೋಡ್‌ಗೆ ಹಾಕಿದರೆ ಇಳಿಸಿಟ್ಟ ಓದನ್ನು ಇನ್ನೂ ಒಂದೆರಡು ದಿನ ಕೇಳಬಹುದು. ರಜೆ ಮುಂದುವರಿಯಿತೇ ಎಂದು ತಿಳಿಯಲು ಮಡಿಕೇರಿ ಆಕಾಶವಾಣಿ ಇದೆ, 103.1ರಲ್ಲಿ, ಸೆಲ್ ಹಾಕುವ ರೇಡಿಯೊ ಇದ್ದರೆ.

ಶಾಲೆ ತೆರೆದ ದಿನ ಪ್ರಶ್ನೋತ್ತರಕ್ಕೆ ಇಳಿಯಬೇಡಿ. ನಾಲ್ಕು ನಾಲ್ಕು ಜನರಾಗಿ ಓದಿದವರು ಇಡೀ ತರಗತಿಯ ದನಿಯಲ್ಲಿ ಪದ್ಯವನ್ನು ಇನ್ನೂ ಕೇಳಿರುವುದಿಲ್ಲ. ಪೆನ್ಸಿಲ್ ಗೆರೆ ಇರುವ ಪುಟ ತೆಗೆಸಿ, ಅರ್ಧ ತರಗತಿ ಎತ್ತಲಿ, ಇನ್ನರ್ಧ ಹಿಡಿಯಲಿ. ಹಾಜರಿ ಆಮೇಲೆ ಕರೆದರಾಯಿತು.