ಬ್ಯಾಡಗಿ ಮೆಣಸಿನಕಾಯಿ ಲೆಕ್ಕ ಹಾಕುತ್ತ ವೆಬ್ ಡೆವಲಪ್‌ಮೆಂಟ್ ಕಲಿಯಿರಿ

ಕಲಿಯಲು ಕುಳಿತವರು ಮೊದಲ ದಿನವೇ ರಿಯಾಕ್ಟ್ (ವೆಬ್ ಪುಟ ಕಟ್ಟಲು ನೆರವಾಗುವ ಸಿದ್ಧ ಕೋಡಿನ ಸಂಗ್ರಹ) ಹಾಕಿಕೊಳ್ಳಲು ಹೋಗುತ್ತಾರೆ. ಬೇಡ. ನೋಡ್ (ಬ್ರೌಸರಿನ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ತಂತ್ರಾಂಶ), ಎನ್‌ಪಿಎಂ (ಅದಕ್ಕೆ ಬೇಕಾದ ಪ್ಯಾಕೇಜ್ ತರಿಸುವ ಸಾಧನ) ಎಲ್ಲ ಸದ್ಯಕ್ಕೆ ದೂರವಿರಲಿ. ಒಂದು ಫೋಲ್ಡರ್, ಮೂರು ಫೈಲು, ಒಂದು ಬ್ರೌಸರ್ ಇದ್ದರೆ ಸಾಕು. ಅಭ್ಯಾಸಕ್ಕೆ ಹಾವೇರಿ ಜಿಲ್ಲೆಯ ಬ್ಯಾಡಗಿ ಪೇಟೆಯ ಲೆಕ್ಕವನ್ನೇ ಹಿಡಿಯಿರಿ: ಚೀಲದ ತೂಕ ಕಿಲೋದಲ್ಲಿ, ದರ ಕ್ವಿಂಟಲ್‌ಗೆ, ಉತ್ತರ ರೂಪಾಯಿಯಲ್ಲಿ.

ಕೋಡ್ ಬರೆಯುವ ಎಡಿಟರ್ ವಿಎಸ್ ಕೋಡ್ ಉಚಿತ. ಅದರೊಳಗೆ, ಫೈಲು ಉಳಿಸಿದೊಡನೆ ಪುಟವನ್ನು ಬ್ರೌಸರಿನಲ್ಲಿ ಹೊಸದಾಗಿ ತೋರಿಸುವ ಲೈವ್ ಸರ್ವರ್ ಎಕ್ಸ್‌ಟೆನ್ಷನ್ ಹಾಕಿಕೊಳ್ಳಿ. ಫೋಲ್ಡರಿನಲ್ಲಿ ಎಚ್‌ಟಿಎಂಎಲ್ (ಪುಟದ ರಚನೆ), ಸಿಎಸ್‌ಎಸ್ (ಅದರ ಅಂದ), ಜಾವಾಸ್ಕ್ರಿಪ್ಟ್ (ಅದರ ಕೆಲಸ) ಇವಕ್ಕೆ ಒಂದೊಂದು ಫೈಲಿರಲಿ. ಹೆಸರೆಲ್ಲ ಇಂಗ್ಲಿಷಿನ ಸಣ್ಣಕ್ಷರದಲ್ಲಿ ಇರಲಿ, ನಡುವೆ ಜಾಗ ಬಿಡಬೇಡಿ. ವಿಂಡೋಸ್‌ಗೆ ದೊಡ್ಡಕ್ಷರ, ಸಣ್ಣಕ್ಷರ ಎರಡೂ ಒಂದೇ. ಪುಟವನ್ನು ಆನ್‌ಲೈನ್‌ಗೆ ಹಾಕುವ ಗಿಟ್‌ಹಬ್ ಪೇಜಸ್ ಸೇವೆಗೆ ಹಾಗಲ್ಲ. ಮನೆಯಲ್ಲಿ ಚೆನ್ನಾಗಿ ಕಂಡ ಪುಟ ಆನ್‌ಲೈನ್‌ನಲ್ಲಿ ಬಣ್ಣವಿಲ್ಲದೆ ಬಂದರೆ ಮೊದಲು ಫೈಲಿನ ಹೆಸರು ನೋಡಿ.

ಎಚ್‌ಟಿಎಂಎಲ್‌ನ ಹೆಡ್ ಭಾಗದಲ್ಲಿ ಚಾರ್‌ಸೆಟ್ (ಅಕ್ಷರಗಳನ್ನು ಓದುವ ಪದ್ಧತಿ) ಯುಟಿಎಫ್-8 ಎಂದು ಬರೆಯಿರಿ, ಇಲ್ಲದಿದ್ದರೆ ಕನ್ನಡದ ಜಾಗದಲ್ಲಿ ಚಿತ್ರವಿಚಿತ್ರ ಗುರುತು ಬರಬಹುದು. ಸಿಎಸ್‌ಎಸ್‌ನಲ್ಲಿ ಸಾಲಿನ ಎತ್ತರ 1.7ರಷ್ಟಿರಲಿ, ಇಂಗ್ಲಿಷಿಗೆ ಸಾಕಾಗುವ ಅಂತರದಲ್ಲಿ ನಮ್ಮ ಒತ್ತಕ್ಷರ ಕೆಳಗಿನ ಸಾಲಿಗೆ ತಾಗಬಹುದು. ಹೆಡ್‌ನಲ್ಲಿ ಜಾವಾಸ್ಕ್ರಿಪ್ಟ್ ಫೈಲನ್ನು ಜೋಡಿಸುವ ಸ್ಕ್ರಿಪ್ಟ್ ಟ್ಯಾಗಿಗೆ ಡಿಫರ್ (ಪುಟ ಓದಿ ಮುಗಿದ ಮೇಲೆ ಓಡು ಎಂಬ ಸೂಚನೆ) ಸೇರಿಸಿ. ಬಿಟ್ಟರೆ ಬಟನ್ ಹುಟ್ಟುವ ಮೊದಲೇ ಕೋಡ್ ಅದನ್ನು ಹುಡುಕಿ, ಬ್ರೌಸರ್ ತಪ್ಪುಗಳನ್ನು ತೋರಿಸುವ ಕನ್ಸೋಲಿನಲ್ಲಿ ನಲ್ (ಏನೂ ಸಿಗಲಿಲ್ಲ) ಎಂಬ ದೂರು ಬರುತ್ತದೆ. ಕನ್ಸೋಲ್ ತೆರೆಯಲು ಎಫ್12 ಒತ್ತಿ.

ಈಗ ಅಸಲಿ ಪಾಠ. ಎರಡು ಚೀಲ, 42 ಮತ್ತು 38 ಕಿಲೋ. ದರ ಕ್ವಿಂಟಲ್‌ಗೆ 30,000 ಎಂದಿಟ್ಟುಕೊಳ್ಳಿ. ತೂಕ ಕೂಡಿಸಿ, 100ರಿಂದ ಭಾಗಿಸಿ, ದರದಿಂದ ಗುಣಿಸಿದರೆ ಉತ್ತರ 24,000 ಬರಬೇಕು, ಆದರೆ 12,71,400 ಬರುತ್ತದೆ! ಇನ್‌ಪುಟ್ ಬಾಕ್ಸಿನಿಂದ ಬಂದದ್ದೆಲ್ಲ ಅಕ್ಷರಸಾಲು, ಸಂಖ್ಯೆಯಲ್ಲ. ಕೂಡು ಚಿಹ್ನೆ ಎರಡನ್ನೂ ಅಂಟಿಸಿ 4238 ಮಾಡಿತು. ಗುಣಾಕಾರ, ಭಾಗಾಕಾರಗಳಾದರೆ ಅಕ್ಷರಸಾಲನ್ನು ತಾವೇ ಸಂಖ್ಯೆಯಾಗಿ ಓದಿಕೊಳ್ಳುತ್ತವೆ, ಹಾಗಾಗಿ ಒಂದೇ ಚೀಲ ಇಟ್ಟು ಪರೀಕ್ಷಿಸಿದವರಿಗೆ ಈ ತಪ್ಪು ಕಾಣುವುದೇ ಇಲ್ಲ. ಬಾಕ್ಸಿನಿಂದ ಬಂದ ಪ್ರತಿಯೊಂದನ್ನೂ ಮೊದಲು, ಸಂಖ್ಯೆಯಾಗಿ ಬದಲಿಸುವ ನಂಬರ್ ಫಂಕ್ಷನ್ನಿಗೆ ಕೊಡಿ.

ಅಷ್ಟಕ್ಕೇ ಮುಗಿಯದು. ಟೆಕ್ಸ್ಟ್ ಬಾಕ್ಸಿನಲ್ಲಿ 30,000 ಎಂದು ಅಲ್ಪವಿರಾಮ ಹಾಕಿದರೆ ನಂಬರ್ ಕೈಚೆಲ್ಲಿ ನ್ಯಾನ್ (ಇದು ಸಂಖ್ಯೆಯಲ್ಲ ಎಂಬ ಗುರುತು) ಕೊಡುತ್ತದೆ. ೪೨ ಎಂದು ಕನ್ನಡ ಅಂಕಿಯಲ್ಲಿ ಬರೆದರೂ ಅದೇ ಗತಿ. ಅಲ್ಪವಿರಾಮ ತೆಗೆಯಲು ರಿಪ್ಲೇಸ್ ಬಳಸಿದರೆ ಮೊದಲನೆಯದು ಮಾತ್ರ ಹೋಗುತ್ತದೆ. 1,25,000ದಲ್ಲಿ ಎರಡಿವೆ, ರಿಪ್ಲೇಸ್‌ಆಲ್ ಬೇಕು. ಕನ್ನಡ ಅಂಕಿಯನ್ನು ಬದಲಿಸುವ ಫಂಕ್ಷನ್ ನೀವೇ ಬರೆಯಿರಿ, ಹತ್ತು ಅಂಕಿಗಳಷ್ಟೇ.

ಮುಂದೆ ಡಬ್ಬಿ, ಕಡ್ಡಿ ಎಂದು ತಳಿ ಆರಿಸುವ ಪಟ್ಟಿ ಸೇರಿಸಿ, ಚೀಲಗಳನ್ನು ಅರೇಯಲ್ಲಿಟ್ಟು (ಜಾವಾಸ್ಕ್ರಿಪ್ಟ್‌ನ ಸಾಲು ಪಟ್ಟಿ), ಪಟ್ಟಿಯನ್ನು ಒಂದೇ ಉತ್ತರಕ್ಕೆ ಇಳಿಸುವ ರಿಡ್ಯೂಸ್‌ನಿಂದ ಕೂಡಿಸಿ. ಆರಂಭದ ಮೌಲ್ಯವಾಗಿ 0 ಕೊಡುವುದನ್ನು ಬಿಟ್ಟು, ಎಲ್ಲ ಚೀಲ ಅಳಿಸಿ ನೋಡಿ: ಖಾಲಿ ಅರೇ ಮೇಲೆ ರಿಡ್ಯೂಸ್ ಎರರ್ ಎಸೆಯುತ್ತದೆ. ಇದೆಲ್ಲ ಕೈಗೆ ಹತ್ತಿದ ಮೇಲೆ ಬೇಕಾದರೆ ರಿಯಾಕ್ಟ್‌ಗೆ ಹೋಗಿ, ಇದೇ ಲೆಕ್ಕವನ್ನು ಅದರಲ್ಲಿ ಮತ್ತೆ ಕಟ್ಟಿ. ಆಗ ನೋಡ್‌ನ ಎಲ್‌ಟಿಎಸ್ (ದೀರ್ಘಕಾಲ ಬೆಂಬಲವಿರುವ) ಆವೃತ್ತಿ ಹಾಕಿಕೊಳ್ಳಿ. ತರಿಸಿದ ಪ್ಯಾಕೇಜ್‌ಗಳು ಕೂರುವ ನೋಡ್ ಮಾಡ್ಯೂಲ್ಸ್ ಫೋಲ್ಡರನ್ನು ಗಿಟ್‌ಗೆ (ಕೋಡಿನ ಬದಲಾವಣೆಗಳ ದಾಖಲೆ ಇಡುವ ಸಾಧನ) ಸೇರಿಸಬೇಡಿ. ಪ್ಯಾಕೇಜ್‌ಗಳ ಪಟ್ಟಿಯಿರುವ ಪ್ಯಾಕೇಜ್ ಫೈಲಿದ್ದರೆ ಆ ಫೋಲ್ಡರನ್ನು ಯಾವಾಗ ಬೇಕಾದರೂ ಮತ್ತೆ ತರಿಸಬಹುದು.